ಕೋಗಳಿಯ ಉಡಿ, ಪೋಲೆಂಡಿನ ಅಕ್ರೋಟು

ನಮ್ಮತ್ತೆಗೂ ಏರ್‌ಪೋರ್ಟ್ ಸೆಕ್ಯುರಿಟಿಯವರಿಗೂ ಮೊನ್ನೆ ಜಗಳವಾಯಿತು. ಕಾರಣ, ಒಣಕೊಬ್ಬರಿ.

“ಅಮ್ಮಾ, ಇದನ್ನ ವಿಮಾನದಲ್ಲಿ ಬಿಡಲ್ಲ. ಎಣ್ಣೆ ಅಂಶ ಇರುತ್ತೆ, ಬೆಂಕಿ ಹತ್ತುತ್ತೆ” ಎಂದರು ಸಿಬ್ಬಂದಿ.

“ಹುಟ್ಟಿದಾಗಿಂದ ಒಲಿ ಮುಂದ ಕುಂತೀನಪ್ಪ. ಕೊಬ್ಬರಿ ತಾನಾ ಹತ್ತಿ ಉರಿದಿದ್ದು ಒಂದ್ಸಲನೂ ನೋಡಿಲ್ಲ. ನೀ ಎಲ್ಲಿ ನೋಡಿದಿ ಹೇಳು?”

ಅವರೆಲ್ಲಿ ನೋಡಿರುತ್ತಾರೆ, ಪಾಪ. ರೂಲ್ಸ್ ಅಂದರು. ಕೊಬ್ಬರಿ ಟ್ರೇಯಲ್ಲೇ ಉಳಿಯಿತು, ನಾವು ಹಾರಿದೆವು.

ಎಲ್ಲಿಗೆ? ಪೋಲೆಂಡಿಗೆ. (ನಗಬೇಡಿ. ಹಗರಿಬೊಮ್ಮನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಹೇಳಿದಾಗ ಆಗಲೇ ಎಲ್ಲರೂ ನಕ್ಕು ಮುಗಿಸಿದ್ದಾರೆ.)

ಹಳೆಯ ಗುಡಿಗಳ ಕೆತ್ತನೆಯನ್ನು ಅಭ್ಯಾಸ ಮಾಡುವ ಹನ್ನಾ ಎಂಬ ಪೋಲಿಷ್ ಹುಡುಗಿ ಹಿಂದೊಮ್ಮೆ ನಮ್ಮೂರು ಕೋಗಳಿಗೆ ಬಂದು, ಬಸದಿಯ ಚಿತ್ರ ಬರೆಯುತ್ತ ನಮ್ಮ ಮನೆಯಲ್ಲೇ ಇದ್ದಳು. ಬಂದಾಗ ನಮಸ್ಕಾರವೊಂದೇ ಗೊತ್ತಿತ್ತು. ಹೊರಡುವ ಹೊತ್ತಿಗೆ ರೊಟ್ಟಿ ಬಡಿಯುತ್ತಿದ್ದಳು, ಅತ್ತೆಯನ್ನು ಅವ್ವಾ ಎನ್ನುತ್ತಿದ್ದಳು, ಕಟ್ಟೆ ಮೇಲೆ ಕುಳಿತವರನ್ನು “ಊಟ ಆತೇನ್ರಿ?” ಎಂದು ಕೇಳಿ ಗಾಬರಿಗೊಳಿಸುತ್ತಿದ್ದಳು. ಈಗ ಅವಳ ಮದುವೆ. ಟಿಕೆಟ್ ಕಳಿಸಿದವಳೂ ಅವಳೇ.

ಅತ್ತೆಯದು ಒಂದೇ ಹಟ. ಹನ್ನಾಗೆ ಉಡಿ ತುಂಬಬೇಕು. ನಮ್ಮ ಕಡೆ ಮಗಳ ಸೆರಗಿಗೆ ಅಕ್ಕಿ, ಕೊಬ್ಬರಿ, ಕುಪ್ಪಸದ ಕಣ ಹಾಕಿ ಕಳಿಸಿದರೆ ಅವಳಿಗೊಂದು ತವರು ಇದೆ ಎಂದರ್ಥ. ಆದರೆ ತುಂಬಬೇಕಾದವಳು ನಾನು. ಮಾವ ತೀರಿಕೊಂಡ ಮೇಲೆ ಅತ್ತೆ ಯಾರಿಗೂ ಉಡಿ ತುಂಬಿಲ್ಲ, ಅವರಿಗೂ ಯಾರೂ ತುಂಬಿಲ್ಲ. ಊರಲ್ಲಿ ಇಂಥ ಕಾರ್ಯ ನಡೆದರೆ ಅವರು ಅಡುಗೆಮನೆ ಸೇರಿಬಿಡುತ್ತಾರೆ. “ನಾ ಹೇಳಿಕೊಡ್ತೀನಿ, ನೀ ತುಂಬು” ಎಂದು ಬೆಂಗಳೂರು ಬರುವ ತನಕ ನನಗೆ ಪಾಠ ಮಾಡಿದ್ದರು.

ಹನ್ನಾಳ ಊರು ನಮ್ಮ ಪಕ್ಕದ ಕಾನಹೊಸಹಳ್ಳಿಗಿಂತ ಚಿಕ್ಕದು. ನಡುವೆ ಒಂದು ಚೌಕ, ಒಂದು ಬೇಕರಿ, ಸುತ್ತ ಹೊಲ. ಅತ್ತೆ ಕಾರಿನಿಂದ ಇಳಿದವರೇ ಮಣ್ಣು ಹಿಡಿದು ನೋಡಿ, “ಚಲೋ ಭೂಮಿ. ಜೋಳ ಯಾಕ ಹಾಕಿಲ್ಲ ಇವ್ರು?” ಎಂದು ವಿಚಾರಣೆ ಶುರುಮಾಡಿದರು.

ಇದ್ದ ಒಂದು ಅಂಗಡಿಯಲ್ಲಿ ತೆಂಗಿನಕಾಯಿ ಕೇಳಿದೆವು. ಕೊಬ್ಬರಿ ತುರಿಯ ಪ್ಯಾಕೆಟ್ ಬಂತು. ಅತ್ತೆ ಅದನ್ನು ಬೆಳಕಿಗೆ ಹಿಡಿದು, “ಇದನ್ನ ಉಡ್ಯಾಗ ಹಾಕಿದ್ರ ಗಂಡನ ಮನಿ ಮುಟ್ಟೂದ್ರಾಗ ಎಲ್ಲಾ ಸೋರಿ ಹೋಗ್ತತಿ” ಎಂದು ವಾಪಸ್ ಕೊಟ್ಟರು.

ಮರುದಿನ ಹನ್ನಾ ಸುತ್ತಲಿನ ಹಳೆಯ ಜಾಗಗಳನ್ನು ತೋರಿಸಲು ಕರೆದೊಯ್ದಳು. ಗುಡ್ಡದ ಮೇಲೊಂದು ಪಾಳುಬಿದ್ದ ಕೋಟೆ. (ಮೆಟ್ಟಿಲು ಹತ್ತುವಾಗ ಏದುಸಿರು ಬಿಟ್ಟವಳು ನಾನು, ಅತ್ತೆಯಲ್ಲ.) ಕೆಳಗೆ ಕಟ್ಟಿಗೆಯಲ್ಲೇ ಕಟ್ಟಿದ ಪುರಾತನ ಚರ್ಚು. ಒಳಗೆ ಹೋಗಿ ತಿರುಗಿ ನೋಡಿದರೆ ಅಲ್ಲಿದ್ದವರೆಲ್ಲ ನಮ್ಮ ಕಾಲನ್ನೇ ನೋಡುತ್ತಿದ್ದಾರೆ. ನಾವಿಬ್ಬರೂ ಅಭ್ಯಾಸಬಲದಿಂದ ಬಾಗಿಲ ಹೊರಗೆ ಬೂಟು ಬಿಟ್ಟು, ಆ ಚಳಿಯಲ್ಲಿ ಸಾಕ್ಸ್ ಮೇಲೆ ನಿಂತಿದ್ದೆವು.

“ಅವ್ವಾ, ಇಲ್ಲಿ ಬೂಟು ಬಿಡಂಗಿಲ್ಲ. ಮನ್ಯಾಗ ಅಷ್ಟ ಬಿಡೂದು” ಎಂದಳು ಹನ್ನಾ, ನಗು ತಡೆದುಕೊಂಡು.

“ಮನಿಗೆ ಬರಿಗಾಲು, ದೇವ್ರ ಮುಂದ ಬೂಟು? ಇದ್ಯಾವ ನ್ಯಾಯ ಲೇ ಹನ್ನಾ?”

ಚರ್ಚು ನೋಡಿಕೊಳ್ಳುವ ಅಜ್ಜನಿಗೆ ಹನ್ನಾ ಇದನ್ನು ಪೋಲಿಷ್‌ನಲ್ಲಿ ಹೇಳಿದಳು. ಅಜ್ಜ ಸ್ವಲ್ಪ ಯೋಚಿಸಿ, ತನ್ನ ಟೊಪ್ಪಿಗೆ ತೋರಿಸಿದ. ಅದು ಕೈಯಲ್ಲಿತ್ತು. ದೇವರ ಮುಂದೆ ಅವರು ತಲೆಯದನ್ನು ತೆಗೆಯುತ್ತಾರೆ, ನಾವು ಕಾಲಿನದನ್ನು. ಅತ್ತೆ ತಲೆಯಾಡಿಸಿದರು. ಕೇಸು ರಾಜಿಯಲ್ಲಿ ಮುಗಿಯಿತು.

ಮದುವೆಯ ಬೆಳಿಗ್ಗೆಯಾದರೂ ಕೊಬ್ಬರಿ ಸಿಕ್ಕಿರಲಿಲ್ಲ. ಅತ್ತೆಯ ಮುಖ ಸಣ್ಣದಾಗಿತ್ತು. ಹನ್ನಾಳ ತಾಯಿ ಮಾತು ಕಡಿಮೆಯ, ಬಿಗಿ ಮುಖದ ಹೆಂಗಸು. ಏನು ಬೇಕಂತೆ ಎಂದು ಮಗಳನ್ನು ಕೇಳಿದರು. ಕೇಳಿಸಿಕೊಂಡು ಹಿತ್ತಲಿಗೆ ಹೋದವರು ಒಂದು ಬುಟ್ಟಿ ಅಕ್ರೋಟು ತಂದಿಟ್ಟರು. ಮನೆಯ ಮರದ್ದು.

ಅತ್ತೆ ಒಂದನ್ನು ಕಿವಿಯ ಹತ್ತಿರ ಅಲುಗಾಡಿಸಿದರು. “ಮ್ಯಾಲ ಚಿಪ್ಪು ಐತಿ, ಒಳಗ ತಿರುಳು ಐತಿ. ಇನ್ನೇನು ಬೇಕು? ನಡಿ.”

ಆದರೆ ತುಂಬುವುದೆಲ್ಲಿಗೆ? ಬಿಳಿ ಗೌನಿಗೆ ಸೆರಗೆಲ್ಲಿದೆ? ನಾನು ಅಕ್ಕಿ ಹಿಡಿದು ನಿಂತೇ ಇದ್ದೆ. ಆ ತಾಯಿ ನೋಡಿದರು, ತಾವು ಕಟ್ಟಿಕೊಂಡಿದ್ದ ಏಪ್ರನ್ ಬಿಚ್ಚಿದರು, ಮದುಮಗಳ ಗೌನಿನ ಮೇಲೆ ಕಟ್ಟಿದರು. ಹನ್ನಾ ಅದನ್ನೇ ಒಡ್ಡಿದಳು. ಅತ್ತೆ ಹೇಳಿಕೊಟ್ಟಂತೆ ನಾನು ತುಂಬಿದೆ. ಹನ್ನಾ ಅತ್ತಳು, ನಾನೂ ಅತ್ತುಬಿಟ್ಟೆ, ಮೇಕಪ್ ಮಾಡಿದವಳು ತಲೆ ಮೇಲೆ ಕೈ ಹೊತ್ತಳು.

ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಮುಗಿಯಲಿಲ್ಲ.

ಹನ್ನಾಳ ತಾಯಿ ಉಳಿದ ಅಕ್ರೋಟನ್ನು ಬೊಗಸೆಯಲ್ಲಿ ಹಿಡಿದು ಸೀದಾ ನಮ್ಮತ್ತೆಯ ಮುಂದೆ ಬಂದು ನಿಂತರು.

ಅತ್ತೆ ಹಿಂದೆ ಸರಿದರು. “ನನಗ ಬ್ಯಾಡ್ರಿ. ನಾನು ತುಂಬಿಸ್ಕೊಳ್ಳಂಗಿಲ್ಲ. ಹನ್ನಾ, ಹೇಳವಾ ನಿಮ್ಮವ್ವಗ.”

ಹನ್ನಾಗೆ ನಮ್ಮೂರ ಪದ್ಧತಿ ಗೊತ್ತು. ಹೇಳಲು ಬಾಯಿ ತೆರೆದಳು. ನಾನು ಬೇಡ ಎಂದು ತಲೆಯಾಡಿಸಿದೆ. ಬಾಯಿ ಮುಚ್ಚಿದಳು. ಪೋಲೆಂಡಿನ ಆ ತಾಯಿಗೆ ಬೇಡ ಅಂದದ್ದು ಸಂಕೋಚಕ್ಕೆ ಎಂದೇ ಅನ್ನಿಸಿರಬೇಕು. ಬೊಗಸೆ ಇನ್ನಷ್ಟು ಮುಂದೆ ಬಂತು. ಅತ್ತೆ ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ ಅವರ ಕೈ ತಾನಾಗಿ ಸೆರಗು ಬಿಡಿಸಿ ಒಡ್ಡಿತು.

ಆ ಸಂಜೆ ಅಕಾರ್ಡಿಯನ್ ನುಡಿಸುವವನ ಎದುರು ಕುಣಿದವರಲ್ಲಿ ಇಳಕಲ್ ಸೀರೆಯವರು ಒಬ್ಬರೇ. ಸೆರಗಿನ ಗಂಟು ಸೊಂಟಕ್ಕೆ ಸಿಕ್ಕಿಸಿಕೊಂಡೇ ಕುಣಿದರು. (ವಿಡಿಯೋ ಇದೆ. ಕೇಳಬೇಡಿ, ಕೊಡುವುದಿಲ್ಲ.)

ಬರುವಾಗ ಅಕ್ರೋಟನ್ನು ಯಾರೂ ತಡೆಯಲಿಲ್ಲ. ಊರು ಮುಟ್ಟಿದ ಮರುದಿನವೇ ಪಕ್ಕದ ಓಣಿಯಿಂದ ಕುಬಸಕ್ಕೆ ಕರೆಯಲು ಬಂದರು. ಚೊಚ್ಚಲ ಬಸುರಿಗೆ ಉಡಿ ತುಂಬುವ ಕಾರ್ಯ. “ನೀವು ತಪ್ಪದ ಬರ್ರಿ ಅಕ್ಕಾ” ಎಂದು ನನಗೆ ಹೇಳಿದರು. ಅತ್ತೆ ಎಂದಿನಂತೆ ಎದ್ದು ಅಡುಗೆಮನೆ ಕಡೆ ನಡೆದರು.

“ಬರ್ತೀವಿ. ಉಡಿ ನಮ್ಮತ್ತಿ ತುಂಬ್ತಾರ, ನಾ ತಾಟು ಹಿಡ್ಕೊಂಡು ಬಾಜೂಕ ನಿಂದರ್ತೀನಿ” ಎಂದೆ. ಅಡುಗೆಮನೆಯ ಹೊಸ್ತಿಲವರೆಗೆ ಹೋಗಿದ್ದ ಅತ್ತೆ ತಿರುಗಿ ಬಂದು ನನ್ನ ಪಕ್ಕ ಕುಳಿತರು.

ಬಂದವರು ಮನ್ಯಾಗ ಹಿರಿಯರನ್ನ ಕೇಳಿ ಹೇಳ್ತೀವಿ ಎಂದು ಹೋಗಿದ್ದಾರೆ. ಕುಬಸ ಬರುವ ಶುಕ್ರವಾರ. ಅಕ್ರೋಟು ರೆಡಿ ಇದೆ, ಅತ್ತೆ ರೆಡಿ ಇದ್ದಾರೆ. ಓಣಿ ರೆಡಿ ಇದೆಯೇ?