ಕುರ್ಚಿಯಕ್ಕ ಕಿನ್ನರಿಯಾದದ್ದು

ಹಳೆಯ ಸೋಫಾ, ಕುರ್ಚಿಗಳ ಬಟ್ಟೆ ಕಿತ್ತು ಹೊಸದು ಹೊದಿಸಿ, ಕುಸಿದ ಸೀಟನ್ನು ಮತ್ತೆ ಎತ್ತಿ ಕೊಡುವುದು ಅವಳ ಕಸುಬು. ಬೀದಿಯವರೆಲ್ಲ ಅವಳನ್ನು ಕುರ್ಚಿಯಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ಹತ್ತು ವರ್ಷ ದೊಡ್ಡವರಿಗೂ ಅವಳು ಅಕ್ಕನೇ. ಅಂಗಡಿ ಅಪ್ಪ ಬಿಟ್ಟುಹೋದದ್ದು. ನ್ಯಾಯವಾಗಿ ಅಣ್ಣ ನೋಡಿಕೊಳ್ಳಬೇಕಿತ್ತು. ಆದರೆ ಅಣ್ಣನಿಗೆ ಸುತ್ತಿಗೆ ಕಂಡರೆ ಆಗುತ್ತಿರಲಿಲ್ಲ, ವಿಮಾ ಕಚೇರಿಯಲ್ಲಿ ಕೆಲಸ ಹಿಡಿದು ಬೇರೆ ಬಡಾವಣೆಗೆ ಸಂಸಾರ ಸಾಗಿಸಿದ. ತಂಗಿ ಅಂಗಡಿಯಲ್ಲೇ ಉಳಿದಳು. ಮೇಲಿನ ಎರಡು ಕೋಣೆಗಳಲ್ಲಿ ಅವಳೂ ತಾಯಿಯೂ ಇದ್ದರು.

ಕೆಲಸ ಮಾಡುವಾಗ ಅವಳು ಸಣ್ಣ ಮೊಳೆಗಳನ್ನು ತುಟಿಗಳ ನಡುವೆ ಕಚ್ಚಿಕೊಂಡಿರುತ್ತಿದ್ದಳು. ಒಂದೊಂದನ್ನೇ ನಾಲಗೆಯಿಂದ ಮುಂದೆ ತಳ್ಳಿ ಬೆರಳಿಗೆ ಕೊಡುವುದು ಅಪ್ಪನ ಅಭ್ಯಾಸ, ಅದು ಇವಳಿಗೂ ಬಂದಿತ್ತು. ಬಾಯಲ್ಲಿ ಮೊಳೆ ಇಟ್ಟುಕೊಂಡವರು ಉದ್ದ ಮಾತಾಡುವುದಿಲ್ಲ. ಮೊಳೆ ತೆಗೆದ ಮೇಲೂ ಅವಳ ಮಾತು ಮೊಳೆಯ ಹಾಗೇ ಇರುತ್ತಿತ್ತು. ಒಮ್ಮೆ ಒಬ್ಬ ವಕೀಲರು ತಮ್ಮ ಅಜ್ಜನ ಕಾಲದ್ದೆಂದು ಒಂದು ಕುರ್ಚಿಯನ್ನು ಹೊರಿಸಿಕೊಂಡು ಬಂದಿದ್ದರು. ಅವಳು ಅದನ್ನು ತಲೆಕೆಳಗು ಮಾಡಿ ಕಾಲು ಅಲ್ಲಾಡಿಸಿ, "ಇದಕ್ಕೆ ಬಟ್ಟೆ ಹಾಕೋದೂ ಒಂದೇ, ಬೆಂಕಿ ಹಾಕೋದೂ ಒಂದೇ" ಅಂದಳು. ವಕೀಲರು ಮುಖ ಊದಿಸಿಕೊಂಡು ಹೋದರು. ಮರಕ್ಕೆ ಹುಳ ಹಿಡಿದದ್ದು ನಿಜವೇ ಆಗಿದ್ದರಿಂದ ಮುಂದಿನ ತಿಂಗಳು ಬೇರೆ ಕುರ್ಚಿ ತಂದರು.

ಇಂಥವಳು ಕಿನ್ನರರ ಆಟಕ್ಕೆ ಸೇರಿದ್ದು ಅಂಗಡಿಯಲ್ಲಿ ಕೂರಲು ಜಾಗವಿತ್ತೆಂಬ ಒಂದೇ ಕಾರಣಕ್ಕೆ.

ಪಕ್ಕದ ಔಷಧಂಗಡಿಯವಳು, ಒಬ್ಬ ಲೆಕ್ಕದ ಮೇಷ್ಟ್ರು ಮತ್ತು ಒಬ್ಬ ಬಸ್ ಡ್ರೈವರ್ ಸೇರಿ ಪ್ರತಿ ಭಾನುವಾರ ಮಧ್ಯಾಹ್ನ ಒಂದು ಆಟ ಆಡುತ್ತಿದ್ದರು. ಅದರಲ್ಲಿ ದಾಳಗಳಿದ್ದವು, ಮಣೆಯಾಗಲಿ ಕಾಯಿಗಳಾಗಲಿ ಇರಲಿಲ್ಲ. ಮೇಜಿನ ಸುತ್ತ ಕೂತು ಒಬ್ಬೊಬ್ಬರೂ ಒಂದೊಂದು ಕಿನ್ನರನ ಪಾತ್ರ ವಹಿಸಿ ಬಾಯಲ್ಲೇ ಕತೆ ಕಟ್ಟುವುದು. ಕಿನ್ನರರು ಮನುಷ್ಯರ ವೇಷದಲ್ಲಿ ಮನುಷ್ಯರ ನಡುವೆಯೇ ಬಾಳುತ್ತಿದ್ದಾರೆ. ಒಬ್ಬ ಚಪ್ಪಲಿ ಮಾರುತ್ತಾನೆ, ಒಬ್ಬಳು ಟಿಕೆಟ್ ಹರಿಯುತ್ತಾಳೆ. ಗುಟ್ಟು ರಟ್ಟಾಗದ ಹಾಗೆ ದಿನ ದೂಡಬೇಕು. ಕಷ್ಟದ ಕೆಲಸ ಎದುರಾದರೆ ದಾಳ ಉರುಳಿಸಬೇಕು. ಮೇಷ್ಟ್ರು ಸೂತ್ರಧಾರರು, ಊರು, ಜನ, ಹವೆ ಎಲ್ಲ ಅವರ ಬಾಯಲ್ಲಿ. ಡ್ರೈವರ್ ಪಾತ್ರದೊಳಗೆ ಹೊಕ್ಕರೆ ಗಂಟಲು ಹರಿದುಕೊಳ್ಳುವವನು. ಮೊದಲು ಅವರು ಕೂತು ಆಡುತ್ತಿದ್ದ ಟೀ ಅಂಗಡಿಯವನು ಅವನ ದೆಸೆಯಿಂದಲೇ ಮೂವರನ್ನೂ ಹೊರಗೆ ಕಳಿಸಿದ್ದ.

"ನಿಮ್ಮಲ್ಲಿ ಕುರ್ಚಿಗೇನು ಬರ ಅಕ್ಕಾ" ಎಂದು ಔಷಧಂಗಡಿಯವಳು ಕೇಳಿದಳು.

"ಬಟ್ಟೆ ಮೇಲೆ ಟೀ ಚೆಲ್ಲಿದರೆ ಅವತ್ತೇ ಕೊನೆ" ಅಂದಳು ಕುರ್ಚಿಯಕ್ಕ.

ಅವರು ಗಿರಾಕಿಗಳ ಅರ್ಧ ಬಿಚ್ಚಿದ ಸೋಫಾಗಳ ಮೇಲೆ ಕೂತು ಆಡುತ್ತಿದ್ದರು, ಇವಳು ಮೂಲೆಯಲ್ಲಿ ದಪ್ಪ ಸೂಜಿ ಹಿಡಿದು ಕೂತಿರುತ್ತಿದ್ದಳು. ಮೊದಲ ಭಾನುವಾರ ಹೊಲಿಗೆಯಿಂದ ತಲೆ ಎತ್ತಲಿಲ್ಲ. ಎರಡನೆಯ ಭಾನುವಾರ, ಡ್ರೈವರನ ಕಿನ್ನರ ಕಾವಲುಗಾರನ ಕಣ್ತಪ್ಪಿಸಲು ಹೆಣಗಾಡುತ್ತಿದ್ದಾಗ ಅವಳಿಗೆ ತಡೆಯಲಾಗಲಿಲ್ಲ. "ಹಿಂದುಗಡೆ ಕಿಟಕಿ ಇದೆ ಅಂತ ಮೇಷ್ಟ್ರು ಆಗಲೇ ಹೇಳಿದರಲ್ಲ. ಮುಂಬಾಗಿಲಲ್ಲಿ ಯಾಕೆ ಸಾಯ್ತಿದ್ದೀಯ?" ಮೂವರೂ ತಿರುಗಿ ನೋಡಿದರು. ಮೂರನೆಯ ವಾರ ಅವಳ ಕೈಗೂ ದಾಳ ಬಂತು.

ಅವಳ ಆಟ ಕೆಟ್ಟದಾಗಿತ್ತು. ಅವಳ ಕಿನ್ನರಿಯನ್ನು ಮನೆಯ ಯಜಮಾನಿ "ನೀನು ಎಲ್ಲಿಯವಳಮ್ಮ?" ಎಂದು ಕೇಳಿದರೆ, "ನಾನು ಕಿನ್ನರಿ" ಎಂದು ಹೇಳಿಬಿಟ್ಟಳು. ಡ್ರೈವರ್ ತಲೆ ಚಚ್ಚಿಕೊಂಡ.

"ಅಕ್ಕಾ, ಅದೊಂದನ್ನ ಬಿಟ್ಟು ಬೇರೆ ಏನು ಬೇಕಾದರೂ ಹೇಳಬಹುದು!"

"ಕೇಳಿದರು, ಹೇಳಿದೆ."

ಮೇಷ್ಟ್ರು ನಕ್ಕು, ಇಲ್ಲಿ ಒಂದು ನಿಯಮವಿದೆ ಅಂದರು. ಎದುರಿನವರು ಹೇಳಿದ್ದನ್ನು ಅಲ್ಲಗಳೆಯಬಾರದು. ಅವರು ಮಳೆ ಎಂದರೆ ಮಳೆ. ಅದನ್ನು ಒಪ್ಪಿಕೊಂಡು, ಮುಂದೇನು ಎಂದು ನೋಡಬೇಕು. ಕುರ್ಚಿಯಕ್ಕನಿಗೆ ಇದು ಜಪ್ಪಯ್ಯ ಎಂದರೂ ತಲೆಗೆ ಹೋಗಲಿಲ್ಲ. ಬಿಸಿಲು ಕಾಯುತ್ತಿರುವಾಗ ಮಳೆ ಎಂದು ಒಪ್ಪುವುದು ಹೇಗೆ? ಆದರೂ ಭಾನುವಾರ ಬಂದರೆ ತಾನೇ ಕಸ ಗುಡಿಸಿ ಜಾಗ ಮಾಡಿಡುತ್ತಿದ್ದಳು.

ಆ ವರ್ಷವೇ ತಾಯಿಗೆ ಅದು ಶುರುವಾದದ್ದು. ಒಂದು ಬೆಳಗ್ಗೆ ಕುರ್ಚಿಯಕ್ಕ ಟೀ ಲೋಟ ಹಿಡಿದು ಹೋದಾಗ, ತಾಯಿ ಹಾಸಿಗೆಯಲ್ಲಿ ಎದ್ದು ಕೂತು, ಸೆರಗು ಸರಿಮಾಡಿಕೊಂಡು, ಬಹಳ ಮರ್ಯಾದೆಯಿಂದ ಕೇಳಿದಳು: "ತಾವು ಯಾರು? ನಮ್ಮ ಹುಡುಗಿ ಎಲ್ಲಿ?"

"ಅಮ್ಮ, ನಾನೇ."

"ನೋಡೋಕೆ ಹಾಗೇ ಇದ್ದೀರ. ಧ್ವನಿಯೂ ಅದೇ. ಆದರೆ ನೀವು ಅವಳಲ್ಲ."

ಬೇರೆ ಯಾರನ್ನೂ ತಾಯಿ ಮರೆತಿರಲಿಲ್ಲ. ಔಷಧಂಗಡಿಯವಳನ್ನು ಗುರುತಿಸಿದಳು, ಹಾಲಿನವನನ್ನು ಗುರುತಿಸಿದಳು, ಅವನ ಹೆಂಡತಿಯ ಮಂಡಿನೋವು ಹೇಗಿದೆ ಎಂದೂ ಕೇಳಿದಳು. ಮಗಳೊಬ್ಬಳ ಜಾಗದಲ್ಲಿ ಮಾತ್ರ ಯಾರೋ ಬಂದು ಕೂತಿದ್ದರು. ಡಾಕ್ಟರು ಪರೀಕ್ಷೆ ಮಾಡಿ, "ಸ್ವಲ್ಪ ವಯಸ್ಸಿನದು, ಸ್ವಲ್ಪ ನಿದ್ದೆ ಮಾತ್ರೆಯದು. ಮಾತ್ರೆ ಬದಲಾಯಿಸ್ತೀನಿ, ನಿಧಾನವಾಗಿ ಸರಿಹೋಗಬಹುದು" ಅಂದರು. ಸರಿಹೋಗುತ್ತದೆ ಎಂದು ಮಾತ್ರ ಅನ್ನಲಿಲ್ಲ. ಅದನ್ನು ಕುರ್ಚಿಯಕ್ಕ ಗಮನಿಸಿದಳು.

ಸುದ್ದಿ ತಿಳಿದು ಅಣ್ಣ ಓಡಿಬಂದ. ಅವನು ಕಚೇರಿಯವನು, ಸಾಕ್ಷಿ ಪುರಾವೆಗಳ ಮೇಲೆ ನಂಬಿಕೆ ಇರುವವನು. ತಂಗಿಯ ಗುರುತಿನ ಚೀಟಿ, ಚಿಕ್ಕಂದಿನ ಫೋಟೋಗಳನ್ನೆಲ್ಲ ಹಾಸಿಗೆಯ ಮೇಲೆ ಹರಡಿದ. "ನೋಡಮ್ಮ, ಈ ಗಾಯದ ಗುರುತು ನೋಡು. ಉಳಿ ತಗಲಿದ್ದು ನೆನಪಿದೆಯಾ? ಅದೇ ಕೈ ಅಲ್ವಾ ಇದು?" ತಾಯಿ ಫೋಟೋ ನೋಡಿದಳು, ಕೈ ನೋಡಿದಳು, ಬಿಕ್ಕಿಬಿಕ್ಕಿ ಅತ್ತಳು. "ಫೋಟೋದಲ್ಲಿರೋಳು ನನ್ನ ಮಗಳೇ. ಗಾಯ ಕೂಡ ಮಾಡ್ಕೊಂಡು ಬಂದಿದ್ದಾರಲ್ಲೋ ಇವರು! ಅವಳನ್ನ ಏನು ಮಾಡಿದರೋ!"

ಆವತ್ತಿನಿಂದ ತಾಯಿ ಮಗಳ ಕೈಯ ಊಟ ಮುಟ್ಟಲಿಲ್ಲ. ಔಷಧಂಗಡಿಯವಳು ಬಂದು ಅದೇ ತಟ್ಟೆ ಎತ್ತಿಕೊಟ್ಟರೆ ತಿನ್ನುತ್ತಿದ್ದಳು. ಕುರ್ಚಿಯಕ್ಕ ಅಳಲಿಲ್ಲ. ಕೆಳಗೆ ಹೋಗಿ ಒಂದು ದೊಡ್ಡ ಸೋಫಾದ ಹಳೆಯ ಮೊಳೆಗಳನ್ನೆಲ್ಲ ಕಿತ್ತಳು. ಅದಕ್ಕೆ ಇನ್ನೂ ಸರದಿ ಬಂದಿರಲಿಲ್ಲ.

ಭಾನುವಾರ ಆಟ ಶುರುವಾದಾಗ ಅವಳು ದಾಳ ಮುಟ್ಟದೆ ಕೇಳಿದಳು: "ಮೇಷ್ಟ್ರೇ, ಮನೆಯವರು ಕಿನ್ನರಿಯನ್ನ ಕಂಡುಹಿಡಿದುಬಿಟ್ಟರೆ? ನೀನು ನಮ್ಮವಳಲ್ಲ ಅಂದುಬಿಟ್ಟರೆ? ಆಗ ಅವಳು ಏನು ಮಾಡಬೇಕು?"

ಮೂವರಿಗೂ ವಿಷಯ ಗೊತ್ತಿತ್ತು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಕೊನೆಗೆ ಡ್ರೈವರ್, ಯಾವತ್ತೂ ಇಲ್ಲದ ಮೆಲುದನಿಯಲ್ಲಿ, "ನಾನಾಗಿದ್ದರೆ ಜಗಳ ಆಡ್ತಿರಲಿಲ್ಲ. ಇರಬಹುದಾ ಅಂತ ಕೇಳ್ತಿದ್ದೆ" ಅಂದ.

"ಹೌದು, ಮನೆಯವರು ಇರು ಅಂದರೆ ಇರಬಹುದು" ಅಂದರು ಮೇಷ್ಟ್ರು. "ಬೇರೆ ದಾರಿ ನನಗೂ ಹೊಳೀತಿಲ್ಲ."

ಮರುದಿನ ಬೆಳಗ್ಗೆ ಕುರ್ಚಿಯಕ್ಕ ಮೆಟ್ಟಿಲಿಳಿದು ಹೊರಗೆ ಹೋಗಿ, ಮತ್ತೆ ಹತ್ತಿ ಬಂದು, ತನ್ನ ಮನೆಯ ಬಾಗಿಲನ್ನು ತಾನೇ ತಟ್ಟಿದಳು. ಎದುರು ಮನೆಯವರು ನೋಡಿದರೆ ಏನೆಂದುಕೊಂಡಾರೋ ಎಂದು ಕಿವಿ ಬಿಸಿಯಾಯಿತು.

"ಯಾರು?"

"ನಿಮ್ಮ ಮಗಳ ಕಡೆಯವಳು. ಅವಳು ಕೆಲಸದ ಮೇಲೆ ದೂರ ಹೋಗಿದ್ದಾಳೆ. ಬರೋವರೆಗೂ ನಿಮ್ಮ ಜೊತೆ ಇರೋಕೆ ಹೇಳಿದ್ದಾಳೆ. ಇರಬಹುದಾ?"

ಒಳಗೆ ಮಂಚ ಕಿರುಗುಟ್ಟಿತು. ಆಮೇಲೆ, "ಚೆನ್ನಾಗಿದ್ದಾಳಾ ಅವಳು?"

"ಚೆನ್ನಾಗಿದ್ದಾಳೆ."

"ಹಾಗಿದ್ರೆ ಬನ್ನಿ, ಕೂತ್ಕೊಳ್ಳಿ. ಮೊದಲೇ ಹೇಳಬಾರದಿತ್ತಾ?"

ತಾಯಿ ಅವಳನ್ನು ಚೆನ್ನಾಗಿಯೇ ವಿಚಾರಿಸಿದಳು. ಕೆಲಸ ಏನು, ಮನೆ ಎಲ್ಲಿ, ರಾತ್ರಿ ಗೊರಕೆ ಹೊಡೆಯುವ ಅಭ್ಯಾಸವಿದೆಯೇ. ಕುರ್ಚಿಯಕ್ಕ ಟಿಕೆಟ್ ಹರಿಯುವ ಕೆಲಸ ಎಂದಳು. ಆಟದಿಂದ ಎತ್ತಿಕೊಂಡ ಮಾತು, ಬೇರೆ ಯಾವುದೂ ನಾಲಗೆಗೆ ಬರಲಿಲ್ಲ. ಮಧ್ಯಾಹ್ನದ ಊಟವನ್ನು ತಾಯಿ ಅವಳ ಕೈಯಿಂದಲೇ ತೆಗೆದುಕೊಂಡಳು.

ಹೀಗೆ ಬಂದವಳು ಆ ಮನೆಯಲ್ಲಿ ತಿಂಗಳುಗಟ್ಟಲೆ ಇದ್ದಳು. ಅತಿಥಿಯಾದ್ದರಿಂದ ಗಡಿಬಿಡಿಯಲ್ಲಿ ಎದ್ದು ಕೆಳಗೆ ಓಡುವ ಹಾಗಿರಲಿಲ್ಲ. ಕೂತು ಮಾತಾಡಬೇಕಿತ್ತು. ತಲೆ ಬಾಚುವಾಗ ಮೆಲ್ಲಗೆ ಬಾಚಬೇಕಿತ್ತು. ತಾಯಿಯೂ ಹೊಸಬರ ಮುಂದೆ ಹಳೆಯ ನೋವುಗಳ ಪಟ್ಟಿ ಬಿಚ್ಚಲಿಲ್ಲ. ತಾನು ಹುಡುಗಿಯಾಗಿದ್ದಾಗ ಸೈಕಲ್ ಕಲಿತದ್ದು, ಬ್ರೇಕ್ ಮರೆತು ಅಂಚೆಯವನ ಮೇಲೆ ಬಿದ್ದದ್ದು, ಅಂಚೆಯವನ ಚೀಲದ ಕಾಗದಗಳೆಲ್ಲ ಚರಂಡಿಗೆ ಹಾರಿದ್ದು, ಇವನ್ನೆಲ್ಲ ಕೈಕಾಲು ಆಡಿಸುತ್ತ ಹೇಳಿದಳು. ಕುರ್ಚಿಯಕ್ಕ ಇದನ್ನು ಹುಟ್ಟಿದಂದಿನಿಂದ ಕೇಳಿರಲಿಲ್ಲ. ಬಿದ್ದುಬಿದ್ದು ನಕ್ಕಳು.

"ನಮ್ಮ ಹುಡುಗಿ ನಗೋದೇ ಇಲ್ಲ" ಅಂದಳು ತಾಯಿ. "ಒರಟು. ಅವರಪ್ಪನ ಹಾಗೆ. ಆದರೆ ಕೆಲಸ ನೋಡಬೇಕು ನೀವು, ಹೊಲಿಗೆ ಎಲ್ಲಿ ಶುರು ಎಲ್ಲಿ ಕೊನೆ ಅಂತ ಗೊತ್ತಾಗಲ್ಲ."

"ಅವಳಿಗೆ ಹೇಳಿದ್ದೀರಾ ಇದನ್ನ?"

"ಅವಳಿಗೆ ಹೇಳಿದರೆ ಮೊಳೆ ಕಚ್ಕೊಂಡು ಹೂಂ ಅಂತಾಳೆ ಅಷ್ಟೇ."

ಅಣ್ಣನಿಗೆ ಇದು ಸುತರಾಂ ಸರಿಬರಲಿಲ್ಲ. ಮೆಟ್ಟಿಲ ಕೆಳಗೆ ತಂಗಿಯನ್ನು ನಿಲ್ಲಿಸಿಕೊಂಡು ಪಿಸುದನಿಯಲ್ಲೇ ರೇಗಿದ. "ಏನೇ ಇದು ನಾಟಕ? ಹೆತ್ತ ತಾಯಿಗೆ ಸುಳ್ಳು ಹೇಳೋಕೆ ನಾಚಿಕೆ ಆಗಲ್ವಾ?"

"ನಿಜ ಹೇಳಿದಾಗ ಊಟ ಬಿಟ್ಟಿದ್ದಳು ಅಣ್ಣ."

"ಹಾಗಂತ? ನಾನು ಹೋಗಿ ತಿಳಿಸಿ ಹೇಳ್ತೀನಿ ಇರು."

ಅವನು ದಡದಡ ಮೆಟ್ಟಿಲು ಹತ್ತಿ ನೇರ ಒಳಗೆ ನುಗ್ಗಿದ. ತಾಯಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಹಿಂದೆ ಬಂದ ಕುರ್ಚಿಯಕ್ಕನ ತೋಳು ಹಿಡಿದುಕೊಂಡು ಕಿವಿಯಲ್ಲಿ ಕೇಳಿದಳು: "ಇವರೂ ಅವನಲ್ಲ ಅಲ್ವಾ?"

ಅಣ್ಣನ ಮುಖ ಸುಣ್ಣ ಬಳಿದ ಹಾಗಾಯಿತು. "ಅಮ್ಮ, ನಾನಮ್ಮ! ನೋಡು ಸರಿಯಾಗಿ!" ಎಂದು ಇನ್ನೊಂದು ಹೆಜ್ಜೆ ಮುಂದೆ ಇಟ್ಟ. ತಾಯಿ ಗೋಡೆಗೆ ಒತ್ತಿಕೊಂಡಳು. ಅವನು ಅಲ್ಲೇ ನಿಂತ. ಗುರುತಿನ ಚೀಟಿ ತೆಗೆಯಲೆಂದೇನೋ ಜೇಬಿಗೆ ಕೈಹಾಕಿದ, ಬರಿಗೈಯನ್ನೇ ಹೊರಗೆ ತೆಗೆದ. ತಂಗಿಯತ್ತ ನೋಡಿದ. ಅವಳು ಕಣ್ಣಲ್ಲೇ ಬಾಗಿಲು ತೋರಿಸಿದಳು.

ಅವನು ಹೊರಗೆ ಹೋಗಿ ಬಾಗಿಲು ಎಳೆದುಕೊಂಡ. ಎಷ್ಟೋ ಹೊತ್ತಿನ ಮೇಲೆ, ತಟ್ಟಿದನೋ ಇಲ್ಲವೋ ಎನ್ನುವ ಹಾಗೆ ಬಾಗಿಲು ಸದ್ದಾಯಿತು.

"ನಾನು... ವಿಮಾ ಕಚೇರಿಯವನು. ನಿಮ್ಮ ಮಗನ ಜೊತೆ ಕೆಲಸ ಮಾಡೋನು. ಬರಬಹುದಾ?"

"ಬನ್ನಿ, ಪಾಪ, ನಿಂತೇ ಇದ್ದೀರಲ್ಲ" ಅಂದಳು ತಾಯಿ. ಅವನನ್ನು ಕೂರಿಸಿ, ನೀರು ಕೊಡಿಸಿ, ಕಚೇರಿಯಲ್ಲಿ ತನ್ನ ಮಗ ಹೇಗೆ ಎಂದು ವಿಚಾರಿಸಿದಳು. ಅವನು ತನ್ನ ಬಗ್ಗೆ ತಾನೇ ಒಳ್ಳೆಯದು ಹೇಳಲು ಸಂಕೋಚಪಟ್ಟು, ಪರವಾಗಿಲ್ಲ ಎಂದ. ಅದಕ್ಕೆ ತಾಯಿಗೆ ಸಿಟ್ಟು ಬಂತು. "ಪರವಾಗಿಲ್ಲ ಅಂದರೇನು? ಅವನಂಥವನು ಸಿಗಲ್ಲ ನಿಮ್ಮ ಕಚೇರಿಗೆ!" ಆಮೇಲೆ ಶಾಂತಳಾಗಿ, "ನಿಮಗೆ ತಾಯಿ ಇದ್ದಾರಾ?" ಎಂದು ಕೇಳಿದಳು.

ಅವನು ಹೌದೆಂದು ತಲೆಯಾಡಿಸಿದ. ಲೋಟದ ನೀರು ಮುಗಿಯುವವರೆಗೂ ಕೂತಿದ್ದು ಹೋದ. ಆಮೇಲೆ ನಾಟಕ ಎಂಬ ಮಾತು ಅವನ ಬಾಯಲ್ಲಿ ಬರಲಿಲ್ಲ.

ಮಾತ್ರೆ ಬದಲಾದದ್ದಕ್ಕೋ, ತಾನಾಗಿಯೋ, ಚಳಿಗಾಲ ಕಳೆಯುವ ಹೊತ್ತಿಗೆ ಒಂದು ಬೆಳಗ್ಗೆ ಕುರ್ಚಿಯಕ್ಕ ಟೀ ಹಿಡಿದು ಬಾಗಿಲು ತಟ್ಟಿದಾಗ, ತಾಯಿ ಮಲಗಿದ್ದಲ್ಲಿಂದಲೇ, "ಏನೇ, ಬಾಗಿಲು ತಟ್ಟೋದು ಯಾವಾಗ ಕಲಿತೆ?" ಎಂದು ಕೂಗಿದಳು. ಕುರ್ಚಿಯಕ್ಕ ಒಳಗೆ ಬಂದು ಲೋಟ ಕೆಳಗಿಟ್ಟಳು. ತಾಯಿ ಅವಳನ್ನು ಹತ್ತಿರ ಕರೆದು ಕೆನ್ನೆ ಮುಟ್ಟಿದಳು, ಸೊರಗಿದ್ದೀಯ ಎಂದಳು. ಆಮೇಲೆ ಕೋಣೆಯ ಸುತ್ತ ನೋಡಿ, "ಆ ಹೆಂಗಸು ಹೋದಳಾ? ಹೇಳಿ ಹೋಗಬಾರದಿತ್ತಾ? ನಿನಗಿಂತ ಚೆನ್ನಾಗಿ ತಲೆ ಬಾಚ್ತಿದ್ದಳು" ಅಂದಳು.

"ಅದು ನಾನೇ ಅಮ್ಮ."

"ಹೋಗೇ! ನೀನಂತೆ! ನಿನಗೆಲ್ಲಿ ಬರಬೇಕು ಅಷ್ಟು ತಾಳ್ಮೆ?"

ಕುರ್ಚಿಯಕ್ಕ ವಾದ ಮಾಡಲಿಲ್ಲ. ಆದರೆ ಭಾನುವಾರ ಗೆಳೆಯರ ಮುಂದೆ, ಇಲ್ಲದ ಹೆಂಗಸಿನ ಮೇಲೆ ತನಗೆ ಹೊಟ್ಟೆಯುರಿ ಆಗುತ್ತಿದೆ ಎಂದು ಒಪ್ಪಿಕೊಂಡಳು. ಡ್ರೈವರ್ ನಗಲು ಹೋಗಿ ಕೆಮ್ಮಿದ. ಔಷಧಂಗಡಿಯವಳು, "ಆ ಹೆಂಗಸಿಗೂ ನಿಮ್ಮ ಮೇಲೆ ಇರುತ್ತೆ ಬಿಡಿ" ಅಂದಳು. ಆಮೇಲೆ ಆಟ ಆಡಿದರು, ಅವತ್ತು ಅವಳ ದಾಳ ಚೆನ್ನಾಗಿ ಬಿತ್ತು.

ತಾಯಿ ಮತ್ತೆರಡು ವರ್ಷ ಇದ್ದಳು. ಕೆಲವು ದಿನ ಮಗಳು ಮಗಳೇ ಆಗಿರುತ್ತಿದ್ದಳು, ಕೆಲವು ದಿನ ಬಾಗಿಲು ತಟ್ಟಬೇಕಾಗುತ್ತಿತ್ತು. ಯಾವ ದಿನ ಯಾವುದು ಎಂದು "ಯಾರು?" ಎನ್ನುವ ಧ್ವನಿಯಲ್ಲೇ ಕುರ್ಚಿಯಕ್ಕನಿಗೆ ಗೊತ್ತಾಗುತ್ತಿತ್ತು. ಅಣ್ಣ ಶನಿವಾರಗಳಂದು ಬರುತ್ತಿದ್ದ, ಬಂದಾಗ ಹೊರಗೇ ನಿಂತು ಕಾಯುತ್ತಿದ್ದ. ಕೊನೆಕೊನೆಗೆ ತಾಯಿ ಯಾರನ್ನೂ ಯಾರೆಂದು ಕೇಳುವುದನ್ನೇ ಬಿಟ್ಟಳು. ಬಂದವರಿಗೆಲ್ಲ ಕೂತ್ಕೊಳ್ಳಿ ಅನ್ನುತ್ತಿದ್ದಳು, ಅವರು ಕೂರುತ್ತಿದ್ದರು.