ಸೇಹರಾ ಕಟ್ಟಿದ ಖಾಲಿ ಕುದುರೆ

ಆಷಾಢ, ಮೊಹರಂ ಎರಡೂ ಒಟ್ಟಿಗೇ ಬಂದ ವರ್ಷ ಅದು. ಹಿಂದೂಗಳಲ್ಲೂ ಮದುವೆ ಇಲ್ಲ, ಮುಸಲ್ಮಾನರಲ್ಲೂ ಇಲ್ಲ. ಕಲಬುರಗಿಯ ಮದುವೆ ಕುದುರೆಗಳೆಲ್ಲ ಕೆಲಸವಿಲ್ಲದೆ ನಿಂತಿದ್ದವು. ನನಗೆ ಮಾತ್ರ ಆ ತಿಂಗಳು ಪುರುಸೊತ್ತಿರಲಿಲ್ಲ.

ನಾನು ಗೃಹಿಣಿ. ನಮ್ಮ ಮನೆ ಶರಣಸಿರಸಗಿ ಕಡೆಯ ಹೊಸ ಬಡಾವಣೆಯಲ್ಲಿದೆ. ಸುತ್ತಲೂ ಖಾಲಿ ಸೈಟುಗಳು. ಮಳೆ ಬಿದ್ದರೆ ಹುಲ್ಲು ಮೊಣಕಾಲೆತ್ತರ ಬೆಳೆಯುತ್ತದೆ. ಮೋಮಿನಪುರದ ಕುದುರೆಯವರು ಮೇಯಿಸಲು ಅಲ್ಲಿಗೇ ಬರುತ್ತಾರೆ. ಮಗಳು ಹಾಸ್ಟೆಲ್ಲಿಗೆ ಹೋದ ಮೇಲೆ, ಪ್ರವಾಸಕ್ಕೆಂದು ಕೊಂಡು ಕಪಾಟಿನಲ್ಲೇ ಉಳಿದಿದ್ದ ಕ್ಯಾಮೆರಾ ನನ್ನ ಕೈಗೆ ಬಂತು. ಒಂದು ಬೆಳಿಗ್ಗೆ ಮಾಳಿಗೆಯ ಮೇಲೆ ಬಟ್ಟೆ ಒಣಹಾಕುವಾಗ ಕೆಳಗೆ ಒಂದು ಕುದುರೆ ತನ್ನ ಮಾಲೀಕನ ಭುಜಕ್ಕೆ ಗಲ್ಲ ಊರಿ ನಿದ್ದೆ ಮಾಡುತ್ತಿತ್ತು. ಅವನೂ ನಿಂತಲ್ಲೇ ತೂಕಡಿಸುತ್ತಿದ್ದ. ಆ ಫೋಟೋ ತೆಗೆದು ಅವನಿಗೆ ಕಳಿಸಿದೆ. ಅವನು ಅದನ್ನು ವಾಟ್ಸಪ್ಪಿನಲ್ಲಿ ಎಲ್ಲರಿಗೂ ಹಂಚಿದ. ಅಂದಿನಿಂದ ಮೋಮಿನಪುರದಲ್ಲಿ ನನಗೆ 'ಘೋಡೆವಾಲಿ ಮೇಡಂ' ಎಂದೇ ಹೆಸರು. ಕುದುರೆ, ಕುದುರೆಯವರನ್ನು ಹೊಲದಲ್ಲಿ, ಕೆರೆ ದಂಡೆಯಲ್ಲಿ ನಿಲ್ಲಿಸಿ ಫೋಟೋ ತೆಗೆಯುವುದು ನನ್ನ ಅಭ್ಯಾಸವಾಯಿತು.

ರಾಬಿಯಾಬಿ ನನ್ನ ಮನೆಗೆ ಬಂದದ್ದು ಹಾಗೆ. ಐವತ್ತರ ಹತ್ತಿರದ ಹೆಂಗಸು, ಎಡಗೈಯಲ್ಲಿ ಎರಡೇ ಎರಡು ಬಳೆ. ಜೊತೆಗೆ ಮೈದುನ ಗಫಾರ್ ಬಂದಿದ್ದ. ಅವನು ಟೆಂಪೋ ಓಡಿಸುತ್ತಾನೆ.

"ಅಕ್ಕಾರ, ನಮ್ಮ ಶಬನಂದು ಒಂದು ಫೋಟೋ ಬೇಕ್ರಿ. ನಾನೂ ಅದರ ಬಾಜೂಕ ನಿಂದರ್ತೀನಿ," ಎಂದಳು ರಾಬಿಯಾಬಿ. "ಸೋಮವಾರ ಅದು ಹೋಗ್ತದ."

ಶಬನಂ ಅವರ ಬಿಳಿ ಹೆಣ್ಣು ಕುದುರೆ. ರಾಬಿಯಾಬಿಯ ಗಂಡ ಖಾಸಿಂಸಾಬ್ ಅದನ್ನು ಮರಿಯಿಂದ ಸಾಕಿ, ವರ್ಷಗಟ್ಟಲೆ ಮದುವೆ ಮೆರವಣಿಗೆಗಳಲ್ಲಿ ನಡೆಸಿದ್ದ. ಹಿಂದಿನ ಚಳಿಗಾಲದಲ್ಲಿ ಅವನು ಎದೆನೋವಿನಿಂದ ತೀರಿಕೊಂಡ. ಆಮೇಲೆ ಕುದುರೆ ಯಾರು ಹಿಡಿದರೂ ಮೆರವಣಿಗೆಯಲ್ಲಿ ಹೆಜ್ಜೆ ಕೀಳಲಿಲ್ಲ. ಮದುಮಗ ಮೇಲೆ ಕುಳಿತಿದ್ದಾನೆ, ಬ್ಯಾಂಡು ಬಾರಿಸುತ್ತಿದೆ, ಕುದುರೆ ಕಂಬದ ಹಾಗೆ ನಿಂತಿದೆ. ಎರಡು ಸಲ ಮದುಮಕ್ಕಳು ಇಳಿದು ಕಾರಿನಲ್ಲಿ ಹೋದರಂತೆ. ಮೂರನೆಯವರು ಕರೆಯಲೇ ಇಲ್ಲ.

"ಎಲ್ಲಿಗೆ ಹೋಗ್ತದ?" ಎಂದು ಕೇಳಿದೆ.

ರಾಬಿಯಾಬಿ ಗಫಾರನ ಮುಖ ನೋಡಿದಳು. ಅವನು ನೆಲ ನೋಡುತ್ತ, "ಇಟ್ಟಂಗಿ ಭಟ್ಟಿಯವ್ರು ತಗೋತಾರ್ರಿ. ಗಾಡಿ ಎಳೀಲಿಕ್ಕೆ," ಎಂದ.

ಮದುವೆ ಕುದುರೆಯ ಕಾಲಿನ ಗೆಜ್ಜೆ ನನ್ನ ಕಣ್ಣ ಮುಂದೆ ಬಂತು. ಶನಿವಾರ ತೆಗೆಯೋಣ ಎಂದೆ.

ಕಮಲಾಪುರದ ಆಚೆ ಗಫಾರನ ಹೆಂಡತಿಯ ತವರಿನವರ ಬಾಳೆ ತೋಟವಿದೆ. ಅಲ್ಲಿಯ ಮಣ್ಣು ಕೆಂಪು. ನಮ್ಮ ಕರಿ ಮಣ್ಣಿನಲ್ಲಿ ನಿಲ್ಲಿಸುವುದಕ್ಕಿಂತ ಆ ಕೆಂಪಿನ ಮೇಲೆ ಬಿಳಿ ಕುದುರೆ ಚೆನ್ನಾಗಿ ಕಾಣುತ್ತದೆ ಎಂದು ನಾನೇ ಅಲ್ಲಿಗೆ ಹೋಗೋಣ ಎಂದೆ. ಶನಿವಾರ ಮಧ್ಯಾಹ್ನ ಕುದುರೆಯನ್ನು ಟೆಂಪೋದಲ್ಲಿ ಹತ್ತಿಸಿಕೊಂಡು ಹೋದೆವು. ಮೋಡ ಕವಿದಿತ್ತು, ಗಾಳಿ ಸುಳಿಯುತ್ತಿರಲಿಲ್ಲ. ಬಾಳೆ ಎಲೆಗಳು ಇಳಿಬಿಟ್ಟ ಕೈಗಳ ಹಾಗೆ ಅಲುಗದೆ ನಿಂತಿದ್ದವು. ತೋಟದ ನಡುವಿನ ಹಸಿ ಮಣ್ಣಿನ ದಾರಿ ನೇರವಾಗಿ ಹುಮನಾಬಾದ್ ಹೆದ್ದಾರಿಗೆ ಹೋಗಿ ಸೇರುತ್ತಿತ್ತು.

ರಾಬಿಯಾಬಿ ಕುದುರೆಯ ಪಕ್ಕ ನೆಟ್ಟಗೆ ನಿಂತಳು.

"ಭಾಬಿ, ಆಧಾರ್ ಕಾರ್ಡಿಗೆ ತಗೀಲಾಕತ್ತಿಲ್ಲ, ಸ್ವಲ್ಪ ನಗು," ಎಂದ ಗಫಾರ್.

"ನೀ ಬಾಯಿ ಮುಚ್ಚಿದ್ರ ನಗ್ತೀನಿ."

"ನಾ ಬಾಯಿ ಮುಚ್ಚಿದ್ರ ಕುದುರೀನೇ ನಗ್ತದ."

ಆಗ ಅವಳು ನಕ್ಕಳು. ಆ ಫೋಟೋ ಚೆನ್ನಾಗಿ ಬಂತು. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಆದರೆ ಟೆಂಪೋದ ಮೂಲೆಯಲ್ಲಿ ಒಂದು ಗಂಟು ಕಂಡಿತು. ಬಿಚ್ಚಿದರೆ ಕುದುರೆಯ ಸಿಂಗಾರ: ಬೆನ್ನಿಗೆ ಹೊದಿಸುವ ಜರಿಯ ಜೂಲು, ಗೆಜ್ಜೆ, ಹಣೆಯ ಮೇಲಿಂದ ಕಣ್ಣಿನವರೆಗೆ ಇಳಿಬೀಳುವ ಮಣಿಗಳ ಸೇಹರಾ. ಕುದುರೆಯ ಜೊತೆ ಅದನ್ನೂ ಮಾರುವುದೆಂದು ಗಫಾರ್ ತಂದಿದ್ದನಂತೆ.

"ಇದನ್ನ ಹಾಕ್ರಿ. ಭಾಳ ಛಂದ ಕಾಣ್ತದ," ಎಂದೆ.

ರಾಬಿಯಾಬಿ ಕೈ ಹಿಂದೆ ಎಳೆದುಕೊಂಡಳು. "ಮೊಹರಂದಾಗ ಬ್ಯಾಡ್ರಿ ಅಕ್ಕಾರ."

"ಅದೂ ಅಲ್ದ ಮೇಡಂ," ಎಂದ ಗಫಾರ್, "ನಮ್ಮ ಕಡಿ ಸೇಹರಾ ಕಟ್ಟಿದ ಘೋಡಿ ಖಾಲಿ ನಡಸಂಗಿಲ್ಲ. ಮದುಮಗ ತಡ ಆದ್ರೂ ಯಾವುದರೆ ಕೂಸು ಕೂಡಿಸಿಕೊಂಡೇ ಹೋಗೂದು. ಖಾಲಿ ಬಿಟ್ರ ಖಾಲಿ ಉಳಿಯಂಗಿಲ್ಲ ಅಂತಾರ. ಯಾರರೆ ಬರ್ತಾರ." ಹೇಳಿ ನಕ್ಕ.

"ನಡಸೂದಿಲ್ಲಲ್ರಿ. ಬರೀ ನಿಂತ ಫೋಟೋ. ಇದು ಹೆಂಗೂ ನಡಿಯಂಗಿಲ್ಲ ಅಂದ್ರಿ," ಎಂದೆ ನಾನು.

ರಾಬಿಯಾಬಿ ಮಣಿಗಳ ಮೇಲೆ ಬೆರಳಾಡಿಸಿದಳು. "ಸೋಮವಾರ ಇದೂ ಹೋಗ್ತದ. ಆಗಲಿ, ಒಮ್ಮೆ ಕಣ್ತುಂಬ ನೋಡ್ತೀನಿ," ಎಂದು ತಾನೇ ಜೂಲು ಹೊದಿಸಿ, ಕಾಲಿಗೆ ಗೆಜ್ಜೆ ಹಾಕಿ, ಕೊನೆಗೆ ಸೇಹರಾ ಕಟ್ಟಿದಳು.

ನಾನು ದೂರ ಹೋಗಿ ನಿಂತೆ. ರಾಬಿಯಾಬಿ ಹಗ್ಗ ಬಿಟ್ಟು ನನ್ನ ಕಡೆ ನಡೆದು ಬರಬೇಕು, ಹಿಂದೆ ಕುದುರೆ ಮಸುಕಾಗಿ ನಿಂತಿರಬೇಕು. ಅದು ನಾನು ಯೋಚಿಸಿದ್ದ ಚಿತ್ರ. ಹಗ್ಗ ಬಿಳಿ ನೂಲಿನದು, ಉದ್ದವಾಗಿತ್ತು. ಅವಳು ಅದನ್ನು ನೆಲಕ್ಕೆ ಬಿಟ್ಟು ನಾಲ್ಕು ಹೆಜ್ಜೆ ಹಾಕಿದ್ದಳು. ಗೆಜ್ಜೆ ಸದ್ದಾಯಿತು.

ಶಬನಂ ನಡೆಯಲು ಶುರು ಮಾಡಿತ್ತು.

ರಾಬಿಯಾಬಿಯನ್ನು ದಾಟಿ, ನನ್ನನ್ನು ದಾಟಿ ಹೋಯಿತು. ನಾನು ಕ್ಯಾಮೆರಾ ಕಣ್ಣಿನಿಂದ ತೆಗೆಯದೆ ಬಟನ್ ಒತ್ತುತ್ತಲೇ ಇದ್ದೆ. ಅದು ಓಡಲಿಲ್ಲ, ಹುಲ್ಲಿಗೆ ಬಾಯಿ ಹಾಕಲಿಲ್ಲ. ಮೆರವಣಿಗೆಯ ನಡಿಗೆ ಅದು. ಸ್ವಲ್ಪ ದೂರ ನಡೆದು ನಿಲ್ಲುವುದು. ನಿಂತಲ್ಲೇ ಒಂದೊಂದು ಕಾಲೆತ್ತಿ ಕುಣಿಯುವುದು. ಬ್ಯಾಂಡಿನವರ ಹಾಡು ಮುಗಿಯುವಷ್ಟು ಹೊತ್ತು ಕುಣಿದು, ತಲೆ ಕೊಡವಿ, ಮತ್ತೆ ನಡೆಯುವುದು. ಹಾಡು ಎಲ್ಲಿತ್ತು? ಆ ತೋಟದಲ್ಲಿ ಗೆಜ್ಜೆ ಬಿಟ್ಟರೆ ಒಂದು ಹಕ್ಕಿಯ ದನಿಯೂ ಇರಲಿಲ್ಲ.

"ಹಗ್ಗ ಕಾಲಿಗೆ ತೊಡಕ್ತದ, ಬೀಳ್ತದ," ಎಂದು ಗಫಾರ್ ಓಡಿದ. ಹತ್ತಿರ ಹೋಗುತ್ತಿದ್ದಂತೆ ಅವನ ಓಟ ನಿಧಾನವಾಯಿತು. ಆಮೇಲೆ ನಡೆಯತೊಡಗಿದ. ಅವನ ಹಿಂದೆ ರಾಬಿಯಾಬಿ, ಅವಳ ಹಿಂದೆ ನಾನು. ಯಾಕೆ ಯಾರೂ ಮುಂದೆ ಹೋಗಿ ಹಿಡಿಯಲಿಲ್ಲವೋ ಇವತ್ತಿಗೂ ಗೊತ್ತಿಲ್ಲ. ಕುದುರೆ ನಿಂತರೆ ನಾವೂ ನಿಲ್ಲುತ್ತಿದ್ದೆವು. ನಾವು ಮೂವರೂ ದಿಬ್ಬಣದ ಹಾಗೆ ಅದರ ಹಿಂದೆ ನಡೆಯುತ್ತಿದ್ದೇವೆ ಎಂದು ನನಗೆ ಆಗ ಹೊಳೆಯಿತು. ಕಾನ್ವೆಂಟಿನಲ್ಲಿ ಬೆಳಿಗ್ಗೆ ಹೇಳುತ್ತಿದ್ದ ಪ್ರಾರ್ಥನೆ, ಎಷ್ಟೋ ವರ್ಷದಿಂದ ನೆನಪಿಗೇ ಬಾರದಿದ್ದದ್ದು, ತಾನಾಗಿ ಬಾಯಿಗೆ ಬಂತು.

ಮುಂದೆ ಹೆದ್ದಾರಿ ಕಾಣಿಸಿತು. ಲಾರಿಗಳು ಹೋಗುವ ಸದ್ದು ಕೇಳಿಸುತ್ತಿತ್ತು. ಕುದುರೆಯ ಕಣ್ಣು ಸೇಹರಾದ ಮಣಿಗಳ ಹಿಂದೆ ಮುಚ್ಚಿಹೋಗಿತ್ತು. ರಾಬಿಯಾಬಿ "ಯಾ ಅಲ್ಲಾ" ಎಂದು ಓಡತೊಡಗಿದಳು. ಅವಳು ತಲುಪುವಂತಿರಲಿಲ್ಲ. ಕಬ್ಬಿಣ ತುಂಬಿದ ಲಾರಿಯೊಂದು ಇಳಿಜಾರಿನಲ್ಲಿ ಬರುತ್ತಿತ್ತು. ಕುದುರೆಯ ಮುಂಗಾಲು ಡಾಂಬರಿನ ಅಂಚಿಗೆ ಬಂದಿತ್ತು.

ಆಗ ಅದರ ತಲೆ ಎಡಕ್ಕೆ ತಿರುಗಿತು. ಯಾರೋ ಹಗ್ಗ ಜಗ್ಗಿ ತಡೆದ ಹಾಗೆ, ತಟಕ್ಕನೆ. ಕುದುರೆ ನಿಂತಿತು. ಲಾರಿ ಹೋಯಿತು. ಅದರ ಗಾಳಿಗೆ ಸೇಹರಾ ಹಾರಿ ಮತ್ತೆ ಕೂತಿತು. ರಸ್ತೆ ಖಾಲಿಯಾದ ಮೇಲೆ ಕುದುರೆ ನಿಧಾನಕ್ಕೆ ಆಚೆ ದಾಟಿತು.

ಆಚೆ ಒಂದು ಫಂಕ್ಷನ್ ಹಾಲ್ ಇತ್ತು. ಮದುವೆಗಳಿಲ್ಲದ ಕಾಲ, ಗೇಟಿಗೆ ಬೀಗ. ಬಣ್ಣದ ಬಲ್ಬುಗಳ ಸರ ಒಂದು ಕಡೆ ಹರಿದು ಜೋತುಬಿದ್ದಿತ್ತು. ಶಬನಂ ಗೇಟಿಗೆ ಅಡ್ಡಲಾಗಿ ನಿಂತು, ಮದುಮಗ ಇಳಿಯಲು ಅನುಕೂಲವಾಗುವಂತೆ ಭುಜ ತಗ್ಗಿಸಿತು. ಒಬ್ಬರು ಇಳಿಯುವಷ್ಟು ಹೊತ್ತು ಹಾಗೇ ಇದ್ದು ನೆಟ್ಟಗಾಯಿತು. ಆಮೇಲೆ ಎಡಕ್ಕೆ ಮುಖ ತಿರುಗಿಸಿ, ಅಲ್ಲಿ ಯಾರೂ ಇಲ್ಲದ ಕಡೆ, ತುಟಿ ಚಾಚಿ ಕಾಯತೊಡಗಿತು.

ರಾಬಿಯಾಬಿ ಏದುಸಿರು ಬಿಡುತ್ತ ಮೆಲ್ಲಗೆ ಹೇಳಿದಳು, "ಕೆಲಸ ಮುಗಿದ ಮ್ಯಾಲೆ ಅವರು ಬೆಲ್ಲ ಕೊಡ್ತಿದ್ರು."

ಗಫಾರನಿಗೆ ಆಗ ಧೈರ್ಯ ಬಂತು. ಮುಂದೆ ಹೋಗಿ ಬಲಗಡೆಯಿಂದ ಹಗ್ಗ ಹಿಡಿದು ಎಳೆದ. ಕುದುರೆ ಕಲ್ಲಾಯಿತು. ಎಳೆದಷ್ಟೂ ಹಿಂದಕ್ಕೆ ಜಗ್ಗಿತು. ರಾಬಿಯಾಬಿ ಅವನ ಕೈಯಿಂದ ಹಗ್ಗ ಕಿತ್ತುಕೊಂಡು, ಕುದುರೆ ನೋಡುತ್ತಿದ್ದ ಎಡಗಡೆಗೆ ಹೋಗಿ ನಿಂತಳು. "ಚಲೋ ಮಾ, ಕಾಮ್ ಹೋಗಯಾ," ಎಂದಳು. ನಡಿ ತಾಯಿ, ಕೆಲಸ ಆಯ್ತು ಎಂದು. ಶಬನಂ ಉದ್ದಕ್ಕೆ ಉಸಿರು ಬಿಟ್ಟು ಅವಳ ಜೊತೆ ಹೊರಟಿತು.

ತೋಟಕ್ಕೆ ಬಂದ ಮೇಲೆ ರಾಬಿಯಾಬಿ ಸೇಹರಾ ಬಿಚ್ಚಿದಳು. ಹಗ್ಗ ಸುತ್ತಿ ಟೆಂಪೋದಲ್ಲಿಡಲು ನನ್ನ ಕೈಗೆ ಕೊಟ್ಟರು. ಆಗ ನೋಡಿದೆ. ನನ್ನ ಚಪ್ಪಲಿಗೆ ಕೆಂಪು ಕೆಸರು ಮೆತ್ತಿತ್ತು, ಕುದುರೆಯ ಗೊರಸು ಕೆಂಪಾಗಿತ್ತು, ಜೂಲಿನ ಅಂಚಿಗೂ ಕೆಸರು ಸಿಡಿದಿತ್ತು. ಅಷ್ಟು ದೂರ ನೆಲದ ಮೇಲೆ ಎಳೆದುಕೊಂಡು ಹೋಗಿರಬೇಕಾಗಿದ್ದ ಆ ಬಿಳಿ ಹಗ್ಗದ ತುದಿಯಲ್ಲಿ ಮಾತ್ರ, ಅವಳು ಮೊದಲು ಬಿಟ್ಟಾಗ ತಾಗಿದ್ದ ಒಂದು ಚುಕ್ಕೆ ಬಿಟ್ಟರೆ, ಮಣ್ಣೇ ಇರಲಿಲ್ಲ.

ನಾನು ಅವರಿಗೆ ಹೇಳಲಿಲ್ಲ. ಹಗ್ಗವನ್ನು ಸುತ್ತಿ ಇಟ್ಟೆ.

ಭಾನುವಾರ ಮಧ್ಯಾಹ್ನ, ಕುಕ್ಕರ್ ಇಟ್ಟು, ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿದೆ. ಕುಕ್ಕರ್ ಎಷ್ಟು ಸಲ ಕೂಗಿತೋ ತಿಳಿಯಲಿಲ್ಲ, ಅನ್ನ ತಳ ಹತ್ತಿತು. ತೆಗೆಯುವಾಗ ನನ್ನ ಕಣ್ಣೆಲ್ಲ ಕುದುರೆಯ ಹೆಜ್ಜೆಯ ಮೇಲಿತ್ತು, ಹಗ್ಗದ ಕಡೆ ನೋಡಿರಲಿಲ್ಲ. ಕುದುರೆ ನಡೆಯುತ್ತಿದ್ದ ಪ್ರತಿ ಚಿತ್ರದಲ್ಲೂ ಹಗ್ಗ ನೆಲಕ್ಕೆ ತಾಗಿರಲಿಲ್ಲ. ಕುದುರೆಯ ಗಲ್ಲದಿಂದ ಹೊರಟು ಎಡಕ್ಕೆ ಬಿಗಿಯಾಗಿ ಏರಿ, ಒಬ್ಬ ಆಳಿನ ಭುಜದೆತ್ತರದಲ್ಲಿ ಬಾಗಿ, ಆಚೆ ಕಡೆ ಇಳಿಬಿದ್ದಿತ್ತು. ಬಾಗಿದ ಜಾಗದಲ್ಲಿ ಏನೂ ಇರಲಿಲ್ಲ. ಹಿಂದಿನ ಬಾಳೆ ಎಲೆಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಕುದುರೆಯ ಎಡಗಿವಿ ಮಾತು ಕೇಳಿಸಿಕೊಳ್ಳುವ ಹಾಗೆ ಅತ್ತ ತಿರುಗಿತ್ತು.

ಮನೆಯವರಿಗೆ ತೋರಿಸಿದೆ. "ಗಾಳಿ ಇರಬೇಕು," ಎಂದರು. ಗಾಳಿ ಇರಲಿಲ್ಲ ಎಂದೆ. "ನಡಿಯೋವಾಗ ಹಗ್ಗ ಹಾರ್ತದ. ಆ ಕ್ಷಣ ಕ್ಯಾಮೆರಾ ಹಿಡಿದದ," ಎಂದರು. ಪ್ರತಿ ಸಲವೂ ಹೇಗೆ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿ, ಊಟಕ್ಕೆ ಹಾಕು ಎಂದರು.

ಸಂಜೆ ರಾಬಿಯಾಬಿ ಒಬ್ಬಳೇ ಬಂದಳು. ಆ ಫೋಟೋಗಳನ್ನು ತೋರಿಸಬೇಕೋ ಬೇಡವೋ ಎಂದು ನಾನು ಬಹಳ ಯೋಚಿಸಿದ್ದೆ. ಬಂದವಳ ಮುಖ ನೋಡಿದ ಮೇಲೆ ಬಚ್ಚಿಡಲಾಗಲಿಲ್ಲ. ಅವಳು ಅಳಲಿಲ್ಲ, ಹೆದರಲೂ ಇಲ್ಲ. ಪರದೆಯ ಹತ್ತಿರ ಬಾಗಿ, ಹಗ್ಗ ಬಾಗಿದ್ದ ಜಾಗಕ್ಕೆ ಬೆರಳು ಹಚ್ಚಿದಳು.

"ಓಣ್ಯಾಗ ಬರೂವಾಗ ಹಗ್ಗ ಹಿಂಗೇ ಹೆಗಲಿಗೆ ಹಾಕ್ಕೊಂಡು ಬರ್ತಿದ್ರು. ಬೀಡಿ ಹಚ್ಚಲಿಕ್ಕೆ ಕೈ ಬೇಕಲ್ಲ, ಅದಕ್ಕ ಅಂತ ನಾ ತಿಳ್ಕೊಂಡಿದ್ದೆ," ಎಂದಳು. ಬೆರಳನ್ನು ಹಗ್ಗದುದ್ದಕ್ಕೂ ಕುದುರೆಯ ಗಲ್ಲದವರೆಗೆ ತಂದಳು. "ಮೆರವಣಿಗಿ ನಾ ಒಂದೂ ನೋಡಿಲ್ರಿ ಅಕ್ಕಾರ. ಹೆಣ್ಮಕ್ಕಳು ಮುಂದ ಹೋಗಂಗಿಲ್ಲಲ್ಲ. ಬರೀ ಸಿಂಗಾರ ಮಾಡಿ ಕಳಿಸೂದು, ಬಂದ ಮ್ಯಾಲೆ ನೀರು ಕುಡಿಸೂದು. ಗಫಾರ್ ಬಲಗಡಿಂದ ಹಿಡಿದು ಮುಂದ ಎಳೀತಾನ. ಅದು ಎಡಗಡಿ ಒಬ್ಬರನ್ನ ಹುಡುಕ್ತಿತ್ತು. ನಮಗ ತಿಳೀಲೇ ಇಲ್ಲ."

ಹೋಗುವಾಗ ಬಾಗಿಲಲ್ಲಿ ನಿಂತು, "ನಾವು ನಕ್ಕ ಫೋಟೋ ಅದ ಅಲ್ರಿ, ಅದೊಂದು ಕೊಡ್ರಿ. ಉಳಿದವು ಅಳಿಸಿಬಿಡ್ರಿ. ಕೆಲಸಕ್ಕ ಹೋದವರನ್ನ ಹಿಂಗ ನೋಡ್ಕೋತ ಕೂಡಬಾರದು," ಎಂದಳು. ಅವಳ ಎದುರಿಗೇ ಅಳಿಸಿದೆ. ಹಾಗಾಗಿ ಈಗ ತೋರಿಸಲು ನನ್ನ ಹತ್ತಿರ ಏನೂ ಇಲ್ಲ. ನಂಬಿ ಎಂದು ಒತ್ತಾಯವೂ ಇಲ್ಲ.

ಸೋಮವಾರ ಭಟ್ಟಿಯವರು ಬಂದು ಬರಿಗೈಲಿ ವಾಪಸು ಹೋದರು ಎಂದು ಗಫಾರ್ ಫೋನಿನಲ್ಲಿ ಹೇಳಿದ. "ಭಾಬಿ ತಾನೇ ಘೋಡಿ ನಡಸ್ತಾಳಂತ ಮೇಡಂ. ಮೋಮಿನಪುರ ಎಲ್ಲಾ ನಗ್ಲಾಕತ್ತದ," ಎಂದ. ಅವನ ದನಿಯಲ್ಲಿ ಮಾತ್ರ ನಗು ಇರಲಿಲ್ಲ.

ಮದುವೆಯ ಕಾಲ ಬಂದಾಗ ನಮ್ಮ ಬಡಾವಣೆಯಲ್ಲೇ ಒಂದು ಮೆರವಣಿಗೆ ಬಂತು. ಬ್ಯಾಂಡಿನ ಸದ್ದಿಗೆ ಮಾಳಿಗೆಗೆ ಹೋಗಿ ನೋಡಿದೆ. ಶಬನಂ ಕುಣಿಯುತ್ತಿತ್ತು. ಮೇಲೆ ಮದುಮಗ, ಮುಂದೆ ಕುಣಿಯುವ ಗಂಡಸರು. ರಾಬಿಯಾಬಿ ತಲೆ ಮೇಲೆ ಸೆರಗು ಹೊದ್ದು, ಎಡಗಡೆ, ಹಗ್ಗದ ತುದಿ ಹಿಡಿದು ನಡೆಯುತ್ತಿದ್ದಳು. ನಾನು ಕೈ ಬೀಸಿದೆ. ಅವಳು ನೋಡಿ ನಕ್ಕಳು.

ಆಮೇಲೆ ಎಷ್ಟೋ ಸಲ ಅವಳನ್ನು ಮೆರವಣಿಗೆಗಳಲ್ಲಿ ನೋಡಿದ್ದೇನೆ. ಕ್ಯಾಮೆರಾ ಎತ್ತಿಕೊಳ್ಳುವುದಿಲ್ಲ, ಸುಮ್ಮನೆ ನೋಡುತ್ತೇನೆ. ರಸ್ತೆ ಎಷ್ಟೇ ಇಕ್ಕಟ್ಟಾಗಿರಲಿ, ಜನ ಎಷ್ಟೇ ನುಗ್ಗಲಿ, ರಾಬಿಯಾಬಿ ಕುದುರೆಗೆ ಒತ್ತಿಕೊಂಡು ನಡೆಯುವುದಿಲ್ಲ. ನಡುವೆ ಒಬ್ಬರು ನಡೆಯುವಷ್ಟು ಜಾಗ ಬಿಟ್ಟಿರುತ್ತಾಳೆ.