ನಕ್ಷತ್ರದ ಗುರುತಿನ ಖಾಲಿ ತೋಟಾಗಳು

ರಸ್ ಡೀಕ್‌ಮನ್ ತಂದಿಟ್ಟ ಬಕೆಟ್ಟಿನೊಳಗೆ ಇಣುಕಿದ ಕೂಡಲೇ ಆರ್ಡಿತ್ ಕುಬಿಚೆಕ್ ಮುಖ ಹಿಂದಕ್ಕೆಳೆದುಕೊಂಡಳು. ಬಕೆಟ್ಟಿನ ತುಂಬ ಹೊಡೆದು ಬಿದ್ದ ಪಿಸ್ತೂಲಿನ ಖಾಲಿ ತೋಟಾಗಳು. ಅವುಗಳ ಮೇಲೆ ಇಲಿ ಗೂಡು ಕಟ್ಟಿ ಬಿಟ್ಟುಹೋದ ನಾರು, ಹಿಕ್ಕೆ, ಒಣಗಿದ ಕೆಸರು. ಎಲ್ಲಕ್ಕಿಂತ ಮೇಲೆ ಯಾರೋ ತಂಬಾಕು ಅಗಿದು ಉಗಿದ ಕಂದು ರಸ.

"ಎಲ್ಲಿಂದ ತಂದೆ ಇದನ್ನ?" ಎಂದು ಕೇಳಿದಳು.

"ನಮ್ಮ ಮಾವನ ಕೊಟ್ಟಿಗೇಲಿತ್ತು. ಒಳ್ಳೇ ಹಿತ್ತಾಳೆ, ಆರ್ಡಿತ್. ಶನಿವಾರದ ಪಂದ್ಯಕ್ಕೆ ತೋಟಾ ಸಾಲಲ್ಲ ಅಂತ ನಿನ್ನ ತಮ್ಮ ಎಲ್ಡನ್ ಹೇಳ್ತಿದ್ದ. ಅದಕ್ಕೇ ತಂದೆ."

"ಇದರೊಳಗೆ ಉಗಿದಿದ್ದು ಯಾರು?"

"ಮಾವನೇ ಇರ್ಬೇಕು."

"ನಿಮ್ಮ ಮಾವನ್ನ ಹೋದ ವರ್ಷವೇ ಮಣ್ಣು ಮಾಡಿದ್ವಿ. ಇದಿನ್ನೂ ಹಸಿಯಾಗಿದೆ."

ರಸ್ ಹೆಬ್ಬೆರಳಿನಿಂದ ಕೆಳದುಟಿ ಒರೆಸಿಕೊಂಡು, ತನ್ನ ಪಿಕಪ್ ಗಾಡಿಯ ಕಡೆಗೆ ನಡೆದ.

ನೆಬ್ರಾಸ್ಕದ ಆ ಮೂಲೆಯಲ್ಲಿ, ಮಿಸೌರಿ ನದಿಯ ಗುಡ್ಡಗಳ ಹಿಂದಿನ ಗುರಿಕಾರರ ಕ್ಲಬ್ಬಿನಲ್ಲಿ, ಆರ್ಡಿತಳ ಮೂಗಿನ ಬಗ್ಗೆ ಎಲ್ಲರೂ ತಮಾಷೆ ಮಾಡುತ್ತಿದ್ದರು. ಅವಳು ಹರೆಯದಿಂದ ಹಿಡಿದು ನಿವೃತ್ತಿಯವರೆಗೂ ಮೊಟ್ಟೆ ಕಾರ್ಖಾನೆಯಲ್ಲಿ ದುಡಿದವಳು. ಕತ್ತಲೆ ಕೋಣೆಯಲ್ಲಿ ದೀಪದ ಮುಂದೆ ಕೂತು, ಸಾಲುಸಾಲಾಗಿ ಸರಿಯುತ್ತಿದ್ದ ಮೊಟ್ಟೆಗಳ ಒಳಗನ್ನು ನೋಡಿ, ರಕ್ತದ ಚುಕ್ಕೆಯಿದ್ದದ್ದು, ಬಿರುಕು ಬಿಟ್ಟದ್ದು, ಕೊಳೆತದ್ದು ಎಂದು ಬೇರ್ಪಡಿಸುವುದು ಅವಳ ಕೆಲಸವಾಗಿತ್ತು. ಒಂದೊಂದು ದಿನ ಕೊಳೆತ ಮೊಟ್ಟೆ ಕೈಯಲ್ಲೇ ಒಡೆಯುತ್ತಿತ್ತು. ಆ ವಾಸನೆ ಸೋಪು ಹಾಕಿ ಉಜ್ಜಿದರೂ ಉಗುರಿನ ಸಂದಿಯಿಂದ ಹೋಗುತ್ತಿರಲಿಲ್ಲ. ಗಂಡ ಬದುಕಿದ್ದಾಗ ಅವಳು ಕಡಾಯಿಗೆ ಮೊಟ್ಟೆ ಒಡೆಯುವ ಮೊದಲು ಪ್ರತಿಯೊಂದನ್ನೂ ಬಟ್ಟಲಿಗೆ ಒಡೆದು ಮೂಸುತ್ತಿದ್ದಳು. ಅವನು ನಗುತ್ತಿದ್ದ. ಅವಳು ನಗುತ್ತಿರಲಿಲ್ಲ.

ತೋಟಾ ತುಂಬುವುದನ್ನು ಅವಳಿಗೂ ತಮ್ಮ ಎಲ್ಡನ್‌ಗೂ ಕಲಿಸಿದವನು ಅಪ್ಪ. ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆಯ ಚಿಪ್ಪು ಗಟ್ಟಿಯಾಗಿದ್ದರೆ, ಬುಡದಲ್ಲಿ ಕಿಡಿ ಹೊತ್ತಿಸುವ ಹಳೆ ಕೇಪು ತೆಗೆದು ಹೊಸದು ಕೂರಿಸಿ, ಮದ್ದು ಹಾಕಿ, ಮೇಲೊಂದು ಗುಂಡು ಒತ್ತಿ ಮತ್ತೆ ಮತ್ತೆ ಬಳಸಬಹುದು. ಕ್ಲಬ್ಬಿನ ಜನ ತಾವು ಹೊಡೆದ ಖಾಲಿಗಳನ್ನು ಆಯ್ದು ತಂದು ಕೊಡುತ್ತಿದ್ದರು. ಯಾವುದು ಇನ್ನೊಂದು ಈಡು ತಾಳೀತು, ಯಾವುದು ಗುಜರಿಗೆ ಎಂದು ಆರ್ಡಿತ್ ನೋಡುವಳು. ಯಂತ್ರದ ಹಿಡಿ ಎಳೆದು ತುಂಬುವವನು ಎಲ್ಡನ್. ತುಂಬಿದ ಡಬ್ಬಿಯ ಮೇಲೆ ಅಪ್ಪನ ಮನೆತನದ ಹೆಸರು, 'ಕುಬಿಚೆಕ್' ಎಂಬ ಚೀಟಿ ಇರುತ್ತಿತ್ತು. ಆ ಚೀಟಿ ಕಂಡರೆ ಸಾಕು, ಜನ ಎರಡನೇ ಸಲ ನೋಡದೆ ಪಿಸ್ತೂಲಿಗೆ ತುಂಬಿಕೊಳ್ಳುತ್ತಿದ್ದರು.

ಕೈಗವಸು ಹಾಕಿಕೊಂಡು ಆರ್ಡಿತ್ ಬಕೆಟ್ಟನ್ನು ಕ್ಲಬ್ಬಿನ ಶೆಡ್ಡಿನ ಮುಂದೆ ಹುಲ್ಲಿನ ಮೇಲೆ ಬೋರಲು ಹಾಕಿದಳು. ಬಿಸಿನೀರು, ಸಾಬೂನು, ಮತ್ತೆ ಬಿಸಿನೀರು. ತೊಳೆದ ನೀರು ಕಾಫಿ ಬಣ್ಣಕ್ಕೆ ತಿರುಗಿತು. ಒಣಗಿದ ಮೇಲೆ ಒಂದನ್ನು ತಿರುಗಿಸಿ ಬುಡ ನೋಡಿದಳು. ಪರಿಚಯದ ಕಂಪನಿಯ ಹೆಸರಿರಲಿಲ್ಲ. ಮೂರು ಅಕ್ಷರ, ಪಕ್ಕದಲ್ಲೊಂದು ಪುಟ್ಟ ನಕ್ಷತ್ರ. ಇಷ್ಟು ವರ್ಷದಲ್ಲಿ ಅವಳು ಆ ಗುರುತನ್ನು ಎಲ್ಲೂ ಕಂಡಿರಲಿಲ್ಲ. ಬಹುಪಾಲು ಎಲ್ಲದರ ಬುಡದಲ್ಲೂ ಅದೇ ನಕ್ಷತ್ರ.

ಗುರುತು ಗೊತ್ತಿಲ್ಲದ್ದೆಲ್ಲ ಕೆಟ್ಟದ್ದೆಂದು ಅವಳು ಹೇಳುವವಳಲ್ಲ. ಮೊದಲು ಅಯಸ್ಕಾಂತ ಹಿಡಿದಳು. ಹಿತ್ತಾಳೆ ಬಣ್ಣ ಬಳಿದ ಉಕ್ಕಾಗಿದ್ದರೆ ಅಂಟುತ್ತಿತ್ತು, ಅಂಟಲಿಲ್ಲ. ಬಾಯಿ ಸೀಳಿರಲಿಲ್ಲ, ಹೊಟ್ಟೆ ಉಬ್ಬಿರಲಿಲ್ಲ. ಕೇಪು ಕೂರುವ ಕುಳಿ ಸಡಿಲವಾಗಿರಲಿಲ್ಲ. ಟಾರ್ಚು ಬಿಟ್ಟು ಒಳಗೆ ನೋಡಿದರೆ ನಡುವೆ ಒಂದೇ ತೂತು. ಕೆಲವು ದೇಶದವುಗಳಲ್ಲಿ ಪಕ್ಕಪಕ್ಕ ಎರಡು ಸಣ್ಣ ತೂತು ಇರುತ್ತವೆ, ಅವುಗಳ ಹಳೆ ಕೇಪನ್ನು ಇಲ್ಲಿನ ಯಂತ್ರ ಹೊರಗೆ ತಳ್ಳಲಾರದು. ಇದು ಹಾಗೂ ಅಲ್ಲ. ಬೇರೆ ಯಾರೇ ಆಗಿದ್ದರೂ ಅಷ್ಟಕ್ಕೆ ಸೈ ಎಂದುಬಿಡುತ್ತಿದ್ದರು.

ಆದರೆ ಟಾರ್ಚಿನ ಬೆಳಕಲ್ಲಿ, ಚಿಪ್ಪಿನ ಒಳಗೋಡೆಯ ನಡುಮಟ್ಟದಲ್ಲಿ, ಉಂಗುರದಂಥ ನೆರಳೊಂದು ಕಂಡಿತು. ತುದಿ ಬಗ್ಗಿಸಿದ ತಂತಿಯನ್ನು ಒಳಗೆ ಬಿಟ್ಟು ಗೋಡೆಗೆ ಒತ್ತಿ ಎಳೆದಳು. ತಂತಿ ಸಿಕ್ಕಿಕೊಂಡಿತು. ಇನ್ನೊಂದು ಚಿಪ್ಪಿನಲ್ಲೂ ಅಲ್ಲೇ ಸಿಕ್ಕಿಕೊಂಡಿತು. ಕೊನೆಗೆ ಒಂದನ್ನು ಮೇಜಿನ ಬಿಗಿ ಇಕ್ಕಳಕ್ಕೆ ಕಚ್ಚಿಸಿ ಗರಗಸದಿಂದ ಉದ್ದಕ್ಕೆ ಸೀಳಿದಳು.

ಗೋಡೆ ಬುಡದಿಂದ ದಪ್ಪಗೆ ಬಂದು, ನಡುವೆ ಮೆಟ್ಟಿಲಿನಂತೆ ಒಮ್ಮೆಗೇ ತೆಳ್ಳಗಾಗಿತ್ತು. ಆ ಮೆಟ್ಟಿಲ ಮೂಲೆಯಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ. ರಾಶಿಯಲ್ಲಿ ಹುಡುಕಿದಾಗ ಕೆಲವು ಚಿಪ್ಪುಗಳ ಹೊರಮೈಯಲ್ಲೂ ಅದೇ ಮಟ್ಟದಲ್ಲಿ ಹೊಳೆಯುವ ಗೆರೆ ಸಿಕ್ಕಿತು. ಯಾರೋ ಇವುಗಳಿಗೆ ಆಗಲೇ ಒಮ್ಮೆ ಮರು ಮದ್ದು ತುಂಬಿ ಹೊಡೆದಿದ್ದಾರೆ. ಇನ್ನೊಂದು ಸಲ ಹೊಡೆದರೆ ಆ ಗೆರೆಯಲ್ಲೇ ಎರಡು ತುಂಡಾಗುತ್ತದೆ.

ಸಂಜೆ ಬಂದ ಎಲ್ಡನ್‌ಗೆ ಸೀಳಿದ ಚಿಪ್ಪು ತೋರಿಸಿದಳು. ಅವನು ಕನ್ನಡಕ ಹಣೆಗೇರಿಸಿ ನೋಡಿದ.

"ಗೆರೆ ಬಿದ್ದಿರೋದು ಸ್ವಲ್ಪ ತಾನೇ, ಆರ್ಡಿ. ಅವನ್ನ ತೆಗೆದುಬಿಡು. ಉಳಿದದ್ದು ತುಂಬೋಣ."

"ಮೆಟ್ಟಿಲು ಎಲ್ಲದರಲ್ಲೂ ಇದೆ. ಯಾವುದಕ್ಕೆ ಎಷ್ಟು ಸಲ ಮದ್ದು ತುಂಬಿದ್ದಾರೆ ಅಂತ ನಿಂಗೊತ್ತಾ? ನಂಗೊತ್ತಿಲ್ಲ. ನಕ್ಷತ್ರ ಇರೋದೆಲ್ಲ ಗುಜರಿಗೆ."

"ಒಂದು ಬಕೆಟ್ ಹಿತ್ತಾಳೆ ಕಣೇ. ಜನ ಏನಂತಾರೆ?"

"ಉಗಿದು ಕೊಟ್ಟಿದ್ದಾರೆ. ಅದಕ್ಕಿಂತ ಇನ್ನೇನಂತಾರೆ?"

ಎಲ್ಡನ್ ನಕ್ಕು, ಆಯ್ತು, ಪಟ್ಟಣಕ್ಕೆ ಹೋಗುವಾಗ ಗುಜರಿಯವನಿಗೆ ಹಾಕುತ್ತೇನೆಂದು ಬಕೆಟ್ಟನ್ನು ಎತ್ತಿಕೊಂಡು ಹೋದ. ಆರ್ಡಿತ್ ಕೈಗವಸನ್ನು ಕಸಕ್ಕೆಸೆದು ಮನೆಗೆ ಹೋದಳು.

ಶನಿವಾರದ ಪಂದ್ಯ ಊರಿನ ಅಗ್ನಿಶಾಮಕ ದಳದ ಸಹಾಯಾರ್ಥ. ಆ ದಳದಲ್ಲಿ ಸಂಬಳದವರು ಯಾರೂ ಇಲ್ಲ. ಹೊಲದಿಂದಲೋ ಅಂಗಡಿಯಿಂದಲೋ ಎದ್ದು ಓಡಿಬರುವ ಊರವರೇ. ಕ್ಲಬ್ಬಿನ ಶೆಡ್ಡಿನಲ್ಲಿ ದೊಡ್ಡ ಪಾತ್ರೆಗಳಲ್ಲಿ ಮಾಂಸ, ರಾಜ್ಮಾ ಕಾಳು ಹಾಕಿದ ಚಿಲಿ ಎಂಬ ಖಾರದ ಗೊಜ್ಜು ಕುದಿಯುತ್ತಿತ್ತು. ಪಕ್ಕದಲ್ಲಿ ಎಂದಿನಂತೆ ದಾಲ್ಚಿನ್ನಿ ರೋಲುಗಳ ತಟ್ಟೆ. ಪಂದ್ಯಕ್ಕೆ ಬಂದವರಿಗೆಲ್ಲ ಕ್ಲಬ್ಬಿನಿಂದಲೇ ಕುಬಿಚೆಕ್ ಡಬ್ಬಿ ಹಂಚಲಾಗಿತ್ತು. ಹೊರಗೆ ಬಯಲಿನಲ್ಲಿ ಗುರಿಗೆಂದು ಉಕ್ಕಿನ ತಟ್ಟೆಗಳನ್ನು ಸಾಲಾಗಿ ನಿಲ್ಲಿಸಿದ್ದರು.

ಶಾಲಾ ಬಸ್ಸು ಓಡಿಸುವ ಡಾರ್ಲಾ ನೊವಾಟ್ನಿಯ ಸರದಿ. ತಟ್ಟೆಗಳು ಟಣ್ ಟಣ್ ಎಂದು ಬೀಳುತ್ತಿದ್ದವು. ನಡುವೆ ಒಂದು ಸದ್ದು ಬೇರೆಯಾಗಿ ಬಂತು, ಒದ್ದೆ ಬಟ್ಟೆ ಬಡಿದಂತೆ. ಡಾರ್ಲಾಳ ಪಿಸ್ತೂಲು ಅರ್ಧಕ್ಕೆ ಕಚ್ಚಿಕೊಂಡಿತು, ಮುಖದ ಸುತ್ತ ಕಪ್ಪು ಹೊಗೆ. ಅವಳು ಪಿಸ್ತೂಲಿನ ಬಾಯಿಯನ್ನು ತಟ್ಟೆಗಳ ಕಡೆಗೇ ಹಿಡಿದು ನಿಂತಳು. ಪಂದ್ಯ ನಡೆಸುವವನು ಎಲ್ಲರನ್ನೂ ನಿಲ್ಲಿಸಿ ಅದನ್ನು ಅವಳ ಕೈಯಿಂದ ತೆಗೆದುಕೊಂಡ. ಕನ್ನಡಕ ಹಾಕಿದ್ದರಿಂದ ಕಣ್ಣುಳಿದಿತ್ತು. ಕೆನ್ನೆಯಲ್ಲಿ ಸಣ್ಣ ಚೂರೊಂದು ನೆಟ್ಟು ರಕ್ತ ಇಳಿಯುತ್ತಿತ್ತು.

ಆರ್ಡಿತ್ ಹುಲ್ಲಿನಲ್ಲಿ ಬಗ್ಗಿ ಹುಡುಕಿದಳು. ಸಿಕ್ಕಿದ್ದು ಅರ್ಧ ಚಿಪ್ಪು. ಅದರ ಮುಂದಿನ ಅರ್ಧ ನಳಿಗೆಯೊಳಗೆ ಸಿಕ್ಕಿಕೊಂಡಿತ್ತು. ಬುಡ ತಿರುಗಿಸಿದಳು. ಪಾಲಿಶ್ ಮಾಡಿ ಚಿನ್ನದಂತೆ ಹೊಳೆಯುವ ಹಿತ್ತಾಳೆಯ ಮೇಲೆ ನಕ್ಷತ್ರ. ಅದನ್ನು ಮುಷ್ಟಿಯಲ್ಲಿ ಹಿಡಿದು ತಮ್ಮನನ್ನು ಹುಡುಕುತ್ತ ಹೊರಟಳು.

ಎಲ್ಡನ್ ಶೆಡ್ಡಿನ ಹಿಂದೆ ನಿಂತಿದ್ದ. ಜೊತೆಗೆ ರಸ್, ಕ್ಲಬ್ಬಿನ ಅಧ್ಯಕ್ಷ ಗೇಲನ್.

"ನೀನು ತುಂಬಿದೆಯಾ?"

"ತೋಟಾ ಸಾಲ್ತಿರಲಿಲ್ಲ, ಆರ್ಡಿ. ಗೆರೆ ಇರೋದನ್ನೆಲ್ಲ ತೆಗೆದೇ ತುಂಬಿದ್ದು. ಎಷ್ಟು ಚೆನ್ನಾಗಿ ಹೊಳೀತಿತ್ತು."

"ನನ್ನ ಚೀಟಿ ಅಂಟಿಸಿ."

"ನಮ್ಮ ಚೀಟಿ," ಎಂದ ಎಲ್ಡನ್, ನೆಲ ನೋಡುತ್ತ.

"ಇವರಿಬ್ಬರಿಗೂ ಗೊತ್ತಿತ್ತಾ?"

ಗೇಲನ್ ರಸ್‌ನ ಕಡೆ ನೋಡಿದ. ಗೊತ್ತಿತ್ತು. ರಸ್ ಅದನ್ನೇ ಇಡೀ ವಾರ ಜೋಕು ಮಾಡಿಕೊಂಡು ಓಡಾಡಿದ್ದನೆಂದು ಆಮೇಲೆ ತಿಳಿಯಿತು: ಆರ್ಡಿತಜ್ಜಿ ಮೂಸಿ ಬಿಟ್ಟದ್ದನ್ನು ನಾವು ಹೊಡೆಯುತ್ತೇವೆ ಎಂದು.

ಗೇಲನ್ ಅವಳ ಹೆಗಲ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ: "ನೋಡಿ ಆರ್ಡಿತ್, ಡಾರ್ಲಾಗೆ ಏನೂ ಆಗಿಲ್ಲ, ದೇವರು ದೊಡ್ಡವನು. ಅವಳ ಪಿಸ್ತೂಲು ಹಳೇದು. ಪಿಸ್ತೂಲಿಂದೇ ತೊಂದರೆ ಅಂತ ನೀವೊಂದು ಮಾತು ಹೇಳಿಬಿಟ್ರೆ ಎಲ್ಲರೂ ಒಪ್ತಾರೆ. ನಿಮ್ಮ ಮಾತು ಅಂದ್ರೆ ಒಪ್ತಾರೆ. ಬೆಂಕಿ ದಳದ ದಿನ ಯಾಕೆ ಹಾಳು ಮಾಡೋದು."

ಅವನ ಬಾಯಿಯಿಂದ ಚಿಲಿಯ ಈರುಳ್ಳಿ ವಾಸನೆ ಬರುತ್ತಿತ್ತು. ಬಕೆಟ್ಟಿನ ಎಂಜಲು ಇದಕ್ಕಿಂತ ಮೇಲಾಗಿತ್ತು ಎನಿಸಿತು ಆರ್ಡಿತಳಿಗೆ. ಅದು ಬಿಸಿನೀರಿಗಾದರೂ ಹೋಗಿತ್ತು.

ಅವಳು ಶೆಡ್ಡಿನೊಳಗೆ ಹೋಗಿ ಅರ್ಧ ಚಿಪ್ಪನ್ನು ಊಟದ ಮೇಜಿನ ಮೇಲೆ, ರೋಲುಗಳ ಪಕ್ಕದಲ್ಲಿಟ್ಟಳು. ದನಿ ಎತ್ತರಿಸಲಿಲ್ಲ. "ಡಾರ್ಲಾಳ ಪಿಸ್ತೂಲು ಸರಿಯಾಗಿದೆ. ಕೆಟ್ಟಿದ್ದು ನಮ್ಮ ತೋಟಾ. ಬೇಡ ಅಂತ ನಾನು ತೆಗೆದಿಟ್ಟದ್ದನ್ನ ನನ್ನ ತಮ್ಮ ತುಂಬಿದ. ಗೇಲನ್‌ಗೂ ರಸ್‌ಗೂ ಗೊತ್ತಿತ್ತು. ನಿಮ್ಮ ಹತ್ರ ಇರೋ ಡಬ್ಬಿಯೆಲ್ಲ ಇಲ್ಲಿ ತಂದಿಡಿ. ಮನೆಗೆ ಒಯ್ದಿದ್ರೆ ನಾನೇ ಬರ್ತೀನಿ."

ಡಾರ್ಲಾ ಕೆನ್ನೆಗೆ ಬಟ್ಟೆ ಒತ್ತಿಕೊಂಡು ಎಲ್ಡನ್‌ನನ್ನು ನೋಡಿದಳು. ಅವನು ಅವಳ ಮದುವೆಯಲ್ಲಿ ಅಕಾರ್ಡಿಯನ್ ನುಡಿಸಿದ್ದವನು. ಅವನು ಟೋಪಿ ತೆಗೆದು ಏನೋ ಹೇಳಲು ಹೊರಟ. ಅವಳು ಮುಖ ತಿರುಗಿಸಿದಳು.

ಮರುದಿನ ಇಗರ್ಜಿಯಿಂದ ನೇರವಾಗಿ ಆರ್ಡಿತ್ ಮನೆಮನೆಗೆ ಹೋದಳು. ಕೆಲವರು ಬಾಗಿಲಲ್ಲೇ ಡಬ್ಬಿ ಕೊಟ್ಟರು. ಕೆಲವರು, ನಿಮ್ಮ ಕಣ್ಣೆದುರೇ ಇದು ಹೇಗಾಯಿತೆಂದು ಅವಳನ್ನೇ ಕೇಳಿದರು. ಒಬ್ಬ ಮುದುಕ, ಹೆಂಡತಿ ಸತ್ತಮೇಲೆ ಒಂಟಿಯಾಗಿದ್ದವನು, ಮಂಚದ ಪಕ್ಕದ ಪಿಸ್ತೂಲಿಗೆ ಅವನ್ನೇ ತುಂಬಿಟ್ಟುಕೊಂಡಿದ್ದ. "ಕುಬಿಚೆಕ್ ಅಂತ ಇತ್ತಲ್ಲಮ್ಮ, ಅದಕ್ಕೇ ತುಂಬಿದೆ" ಎಂದ. ಅವಳು ಒಂದೊಂದಾಗಿ ಹೊರತೆಗೆದು, ತನ್ನ ಮನೆಯಿಂದ ತಂದಿದ್ದ ಅಂಗಡಿಯ ಹೊಸ ತೋಟಾ ತುಂಬಿ ಕೊಟ್ಟಳು. ಅಲ್ಲಿಂದ ಹೊರಬಂದು ಕಾರಿನಲ್ಲಿ ಕೂತು, ಅವನ ಡಬ್ಬಿಯ ಮೇಲಿನ ಚೀಟಿಯನ್ನು ಉಗುರಿನಿಂದ ಕೆರೆದು ಕಿತ್ತಳು. ತನ್ನ ಹೆಸರೇ ಅಂಟಂಟಾಗಿ ಮೈಗೆ ಮೆತ್ತಿಕೊಂಡಂತಿತ್ತು.

ಎಲ್ಡನ್ ಎರಡು ದಿನ ಬಿಟ್ಟು ಚೆರ್ರಿ ಪೈ ಹಿಡಿದುಕೊಂಡು ಬಂದ. ಅವಳು ಪೈಯನ್ನು ಮೇಜಿನ ಆ ತುದಿಗೆ ಸರಿಸಿ, ವಾಪಸ್ಸು ಬಂದ ಡಬ್ಬಿಗಳನ್ನೂ ಗುಂಡು ಕೀಳುವ ಸುತ್ತಿಗೆಯನ್ನೂ ಅವನ ಮುಂದಿಟ್ಟಳು. ತೋಟಾವನ್ನು ಸುತ್ತಿಗೆಯ ತಲೆಯೊಳಗೆ ಸಿಕ್ಕಿಸಿ ಮರದ ದಿಮ್ಮಿಗೆ ಬಡಿದರೆ ಗುಂಡೂ ಮದ್ದೂ ಕಳಚಿಕೊಳ್ಳುತ್ತವೆ. ಒಂದಾದ ಮೇಲೊಂದು ಬಡಿಯಬೇಕು. ಎಲ್ಡನ್ ಬಡಿದ. ಅವಳು ಎದುರಿಗೆ ಕೂತು ಮದ್ದನ್ನು ನೀರಿನ ಡಬ್ಬಿಗೆ ಸುರಿಯುತ್ತ, ಚಿಪ್ಪನ್ನು ಇಕ್ಕಳದಿಂದ ಚಪ್ಪಟೆ ಮಾಡುತ್ತ ಹೋದಳು.

"ಬೈಯಾದ್ರೂ ಬೈಯೇ," ಎಂದ ಅವನು ಕೊನೆಗೆ. ಕೈ ಊದಿಕೊಂಡಿತ್ತು.

"ಕಾರ್ಖಾನೇಲಿ ಕೊಳೆತದ್ದು ಕೈಯಲ್ಲಿ ಒಡೆದ್ರೆ ಯಾರೂ ಮೊಟ್ಟೇನ ಬೈತಿರಲಿಲ್ಲ," ಎಂದಳು. "ಎದ್ದು ಹೋಗಿ ಕೈ ತೊಳ್ಕೊಂಡು ಬರ್ತಿದ್ವಿ."

ಅವನಿಗೆ ಅದು ಬೈಗುಳವೋ ಅಲ್ಲವೋ ಅರ್ಥವಾಗಲಿಲ್ಲ. ಮತ್ತೆ ಬಡಿಯತೊಡಗಿದ.

ಕ್ಲಬ್ಬು ಆಮೇಲೆ ಮರು ತುಂಬಿದ ತೋಟಾಗಳನ್ನೇ ನಿಲ್ಲಿಸಿತು. ಗೇಲನ್ ಅಧ್ಯಕ್ಷನಾಗಿಯೇ ಮುಂದುವರಿದ. ಜನ ಅವನಿಗೇ ಕೈ ಎತ್ತಿದರು. ರಸ್ ಎದುರು ಸಿಕ್ಕರೆ ಈಗಲೂ ಟೋಪಿ ಮುಟ್ಟಿ ನಮಸ್ಕರಿಸುತ್ತಾನೆ. ಡಾರ್ಲಾಳ ಕೆನ್ನೆಯಲ್ಲಿ ಮಚ್ಚೆಯಂಥ ಕಪ್ಪು ಚುಕ್ಕೆ ಉಳಿಯಿತು. ಅವಳು ಆರ್ಡಿತಳ ಮೇಲೆ ಮುನಿಸಿಟ್ಟುಕೊಳ್ಳಲಿಲ್ಲ. ಚಳಿಗಾಲದಲ್ಲಿ ಹಿಮ ಬಿದ್ದಾಗ ಬಸ್ಸು ನಿಲ್ಲಿಸಿ ಅವಳ ಮೆಟ್ಟಿಲು ಗುಡಿಸಿ ಹೋಗುತ್ತಿದ್ದಳು.

ಕ್ರಿಸ್ಮಸ್‌ಗೆ ಅಕ್ಕ ತಮ್ಮ ಒಂದೇ ಮೇಜಿನಲ್ಲಿ ಕೂತರು. ಜೋಳದ ಬೆಳೆ, ಮಂಡಿನೋವು, ಸೋದರಿಕೆಯ ಮಕ್ಕಳ ಮದುವೆ, ಎಲ್ಲ ಮಾತಾಡಿದರು. ಕೋವಿಯ ಮಾತು ಇಬ್ಬರೂ ಎತ್ತಲಿಲ್ಲ. ಎಲ್ಡನ್ ತಾನೇ ಬೇಯಿಸಿದ ಬಾತುಕೋಳಿಯನ್ನು ಕೊಯ್ದು ಅವಳ ತಟ್ಟೆಗೆ ದೊಡ್ಡ ತುಂಡು ಹಾಕಿದ. ಅವಳು ಅದನ್ನು ಮುಳ್ಳುಚಮಚದಿಂದ ತಿರುಗಿಸಿ, ಅಡಿಭಾಗ ನೋಡಿ, ಚೂರೇ ಚೂರು ಕತ್ತರಿಸಿ ಬಾಯಿಗಿಟ್ಟುಕೊಂಡಳು. ಅವನು ನೋಡುತ್ತಿದ್ದ. ಚೆನ್ನಾಗಿ ಬೆಂದಿದೆ ಎಂದಳು. ಬೆಂದಿತ್ತು ಕೂಡ. ಆದರೆ ಉಳಿದದ್ದು ತಟ್ಟೆಯಲ್ಲೇ ತಣ್ಣಗಾಯಿತು.